ಗಾಜಿನ ಬೀರುವಿನೊಳಗೆ ಕ್ಷೇಮವಾಗಿರುವ ರಬ್ಬರ್ ಕೈಗವಸುಗಳ ಸನ್ನಿಧಿಗೆ

ನಂಜನಗೂಡು ತಾಲ್ಲೂಕು,
ಆಯುಧಪೂಜೆಯ ವಾರ, ೨೦೦೩

ಮಾನ್ಯ ಕೈಗವಸುಗಳೇ,

ತಮ್ಮಿಬ್ಬರಲ್ಲಿ ಎಡಗೈಯವರು ಹಿರಿಯರೋ ಬಲಗೈಯವರು ಹಿರಿಯರೋ ತಿಳಿಯದ ಕಾರಣ ಇಬ್ಬರಿಗೂ ಒಂದೇ ಸಲಕ್ಕೆ ಲೈನ್‌ಮ್ಯಾನ್ ಹುಚ್ಚಯ್ಯನು ಮಾಡುವ ನಮಸ್ಕಾರಗಳು. ನಮಸ್ಕಾರಕ್ಕೆ ಎರಡು ಕೈ ಜೋಡಿಸಬೇಕೆಂಬ ಪದ್ಧತಿ ನನಗೂ ಗೊತ್ತಿದೆ. ಒಂದೇ ಕೈಯಲ್ಲಿ ಮುಗಿಸುತ್ತಿರುವುದನ್ನು ಕೊಬ್ಬು ಎಂದು ಭಾವಿಸಬಾರದು. ಬಲಗೈ ಕಳೆದ ವರ್ಷ ಮಾರ್ನಮಿ ಹಬ್ಬದ ಮುಂಚೆ, ಹುಲ್ಲಹಳ್ಳಿ ಕಡೆಯ ನಾಲೆ ಪಕ್ಕದ ಕಂಬದ ಮೇಲೆ, ಇಲಾಖೆಯ ಕೆಲಸದಲ್ಲಿ ಸಂದಿತು.

ಇಲಾಖೆ ಯಾವುದು, ಶಾಖೆ ಯಾವುದು ಎಂದು ಬರೆದರೆ ನೋಟೀಸು ಬರುತ್ತದಾದ್ದರಿಂದ ಬರೆಯುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ಕಂಬದಿಂದ ಕಚೇರಿಗೆ ಇಳಿಸಿ, ಫೋನು ಎತ್ತುವ ಕೆಲಸ ಕೊಟ್ಟು, ತಮ್ಮ ಬೀರುವಿನ ಎದುರಿಗೇ ಸ್ಟೂಲು ಹಾಕಿಸಿದ್ದಾರೆ. ಹೀಗಾಗಿ ಕಂಬ ಹತ್ತುತ್ತಿದ್ದಷ್ಟು ಕಾಲವೂ ಸಿಗದಿದ್ದ ತಮ್ಮ ದರ್ಶನ ಹತ್ತುವ ಯೋಗ್ಯತೆ ಹೋದ ಮೇಲೆ ದಿನವಿಡೀ ಸಿಗುತ್ತಿದೆ. ಇಟ್ಟಿಗೆ ಬಣ್ಣದ ತಮ್ಮ ಮೈಯಲ್ಲಿ ಒಂದು ಗೀರಿಲ್ಲ, ಬೆರಳುಗಳು ಒಂದಕ್ಕೊಂದು ಅಂಟಬಾರದೆಂದು ಒಳಗೆಲ್ಲ ಪೌಡರು ಹಾಕಿದ್ದಾರೆ. ನನ್ನ ಮಕ್ಕಳನ್ನೂ ಇಷ್ಟು ಜೋಪಾನವಾಗಿ ಸಾಕಲಿಲ್ಲ ಎಂದು ನನ್ನ ಹೆಂಡತಿ ಶಿವನಂಜಮ್ಮನಿಗೆ ಹೇಳಿದ್ದೇನೆ.

ಕೈ ಇದ್ದ ಕಾಲದಲ್ಲೇ ಒಮ್ಮೆ ನಮ್ಮ ಶಾಖಾಧಿಕಾರಿಗಳಾದ ಗಂಗಾಧರಸ್ವಾಮಿಯವರನ್ನು, ಮೇಲೆ ಹೋಗುವಾಗ ತಮ್ಮನ್ನು ಜೊತೆಗೆ ಕಳಿಸಿಕೊಡಿ ಎಂದು ಕೇಳಿದ್ದೆ. ಅವರು ಕೆಟ್ಟವರಲ್ಲ, ಯಾರಿಗೂ ಗದರಿದವರಲ್ಲ. "ಅವು ಇನ್ಸ್‌ಪೆಕ್ಷನ್ನಿಗೆ ಇಟ್ಟಿರೋದು ಕಣಯ್ಯ ಹುಚ್ಚಯ್ಯ. ಹೊರಗೆ ತೆಗೆದು ಹರಿದೋದ್ರೆ ಮೇಲಿನವ್ರಿಗೆ ನಾನೇನು ಉತ್ರ ಕೊಡ್ಲಿ? ಮುಟ್ಟಬೇಡ," ಎಂದರು. ಮುಟ್ಟಬೇಡ ಎಂಬ ಮಾತು ನಮ್ಮ ಕೇರಿಯವರಿಗೆ ಹೊಸದಲ್ಲವಾದ್ದರಿಂದ ಸುಮ್ಮನೆ ಬಂದೆ. ರಬ್ಬರಿಗೂ ಮಡಿ ಉಂಟೆಂಬುದು ಮಾತ್ರ ಅಂದೇ ತಿಳಿದದ್ದು.

ತಾವು ಹೊರಗೆ ಬಂದವರಲ್ಲವಾದ್ದರಿಂದ ನಮ್ಮ ಕೆಲಸದ ಒಂದು ಪದ್ಧತಿಯನ್ನು ತಮಗೆ ವಿವರಿಸಬೇಕು. ನಾಲೆ ಏರಿಯ ಮೇಲೆ ಒಂದು ಸ್ವಿಚ್ಚಿದೆ. ಅದರ ಹಿಡಿಯನ್ನು ಕೆಳಗೆಳೆದರೆ ಕಬ್ಬಿನ ಗದ್ದೆಗಳಾಚೆಯ ಲೈನೆಲ್ಲ ಸಾಯುತ್ತದೆ, ಮೇಲಕ್ಕೆ ತಳ್ಳಿದರೆ ಬದುಕುತ್ತದೆ. ಆಚೆ ಕಂಬ ಹತ್ತಿದವನಿಗೆ ಕಬ್ಬಿನ ಮರೆಯಲ್ಲಿ ಸ್ವಿಚ್ಚು ಕಾಣಿಸುವುದಿಲ್ಲ. ಸ್ವಿಚ್ಚಿಗೆ ಬೀಗ ಕೇಳಿದರೆ, ಇಲಾಖೆಯಲ್ಲಿದ್ದ ಒಳ್ಳೆಯ ಬೀಗ ತಮ್ಮ ಬೀರುವಿಗೆ ಬೇಕಾಗಿತ್ತು. ಆದ್ದರಿಂದ ನಾವು ಹೆಗಲ ಮೇಲಿನ ಟವಲ್ಲನ್ನು ಸ್ವಿಚ್ಚಿನ ಹಿಡಿಗೆ ಕಟ್ಟಿ ಹೋಗುತ್ತೇವೆ. ಟವಲ್ಲಿದ್ದರೆ ಮೇಲೆ ಆಳಿದ್ದಾನೆ. ಟವಲ್ಲು ಹೋಯಿತೆಂದರೆ ಆಳು ಇಳಿದು ಮನೆಗೆ ಹೋದ, ಸ್ವಿಚ್ಚು ಏರಿಸಲು ಮರೆತಿದ್ದರೆ ಪಂಪು ಬೇಕಾದವರು ಏರಿಸಿಕೊಳ್ಳಬಹುದು. ಇದು ಊರಿನ ಗಂಡಸರಿಗೆಲ್ಲ ಗೊತ್ತು. ಅಷ್ಟು ವರ್ಷ ನನ್ನ ಪ್ರಾಣ ಕಾದದ್ದು ತಾವಲ್ಲ, ಸಂತೆಯಲ್ಲಿ ಕೊಂಡ ಒಂದು ಕೆಂಪಂಚಿನ ಟವಲ್ಲು ಎಂದು ತಿಳಿಸಲು ನನಗೆ ಸಂಕೋಚವಾಗುತ್ತದೆ.

ಊರಿನ ಗಂಡಸರಿಗೆ ಗೊತ್ತು ಎಂದೆನಷ್ಟೆ. ನಾಲೆ ಪಕ್ಕದ ಮನೆಯ ಮಂಚಮ್ಮನವರಿಗೆ ಯಾರೂ ಹೇಳಿರಲಿಲ್ಲ. ಬಿಸಿಲಿನಲ್ಲಿ ಹೋದಾಗಲೆಲ್ಲ ನನಗೆ ಮಜ್ಜಿಗೆ ಕೊಡುತ್ತಿದ್ದ ತಾಯಿ ಅವರು. ಮಾರ್ನಮಿ ಎಂದರೆ ನಮ್ಮ ಕಡೆ ಮನೆಯಲ್ಲಿರುವ ಚಿಂದಿಯನ್ನೂ ಬಿಡದೆ ಒಗೆದು ಹಾಕುವ ಕಾಲವೆಂಬುದು ಬೀರುವಿನಲ್ಲಿರುವ ತಮಗೆ ಗೊತ್ತಿರಲಾರದು. ಅಂದು ಬಟ್ಟೆಯ ಗಂಟು ಹೊತ್ತು ನಾಲೆಗೆ ಹೋಗುತ್ತಿದ್ದ ಅವರು ಸ್ವಿಚ್ಚಿನ ಹಿಡಿಯಲ್ಲಿದ್ದ ನನ್ನ ಕೊಳೆ ಟವಲ್ಲನ್ನು ಕಂಡು, ಮರೆತು ಹೋಗಿದ್ದಾನೆ ಪಾಪ ಎಂದು ಬಿಚ್ಚಿಕೊಂಡು ಹೋದರು. ಆಮೇಲೆ ಆಚೆಯ ಕಬ್ಬಿನ ಗದ್ದೆಯ ಬೋರಯ್ಯನವರು ನೀರು ಬಿಡಲು ಬಂದರು. ಟವಲ್ಲಿದೆಯೇ ಎಂದು ಸುತ್ತ ನೋಡಿದರು, ಇರಲಿಲ್ಲ, ಸ್ವಿಚ್ಚು ತಳ್ಳಿದರು. ಇಬ್ಬರೂ ಒಳ್ಳೆಯದನ್ನೇ ಮಾಡಿದರು.

ಮೇಲೆ ನನ್ನ ಕೈಯಲ್ಲಿ ಕಟಿಂಗ್ ಪ್ಲೇಯರಿತ್ತು. ತಂತಿಯಿಂದ ತಂತಿಗೆ ಬೆಂಕಿ ಹಾರಿದ್ದು ನೆನಪಿದೆ, ಬೆಳಕು ಮೊದಲು ಬಂತು, ಸದ್ದು ಆಮೇಲೆ. ಹುಬ್ಬು ಸುಟ್ಟು, ಅಂಗಿ ಚರ್ಮಕ್ಕೆ ಅಂಟಿ, ಸೊಂಟದ ಹಗ್ಗದಲ್ಲಿ ನೇತಾಡುತ್ತಿದ್ದ ನನ್ನನ್ನು ಬೋರಯ್ಯನವರೇ ಸ್ವಿಚ್ಚು ಕೆಳಗೆಳೆದು ಓಡಿಬಂದು ಇಳಿಸಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ನಂಜನಗೂಡಿಗೆ ತಂದರು. ಅಲ್ಲಿಂದ ಮೈಸೂರಿಗೆ ಒಯ್ದರು. ಮೊಣಕೈಯಿಂದ ಕೆಳಗೆ ಉಳಿಸಲಾಗಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನನಗೆ ಅನ್ವಯಿಸುವುದಿಲ್ಲ. ನನ್ನ ವಿಷಯದಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು, ನಡುವೆ ಬೀಗವಿತ್ತು.

ಮಂಚಮ್ಮನವರು ಆಸ್ಪತ್ರೆಗೆ ಬಂದು ಟವಲ್ಲನ್ನು ಮಡಿಸಿ ನನ್ನ ತಲೆದಿಂಬಿನ ಪಕ್ಕ ಇಟ್ಟರು. ನಾನು ಕೊಂಡ ದಿನವೂ ಅದು ಅಷ್ಟು ಶುಭ್ರವಾಗಿರಲಿಲ್ಲ. "ಅಬ್ಬುಕ್ಕೆ ಎಲ್ಲಾರ್ದೂ ಒಗೀತಿದ್ದೆ ಕಣಪ್ಪ, ನಿಂದೊಂದ್ಯಾಕೆ ಕೊಳೇಲಿರ್ಬೇಕು ಅಂತ ತಕ್ಕೊಂಡೋದೆ," ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಸಿಟ್ಟು ಬಂದದ್ದು ತಮ್ಮ ಮೇಲೆ, ಅದು ಇನ್ನೂ ಇಳಿದಿಲ್ಲ.

ಇಷ್ಟಾದರೂ ಈ ಪತ್ರ ನನ್ನ ಕೈಯ ಸಲುವಾಗಿ ಅಲ್ಲ. ಅದು ಮುಗಿದ ಕತೆ. ನನ್ನ ಜಾಗಕ್ಕೆ ಬಂದಿರುವವನು ಶಿವನಂಜಮ್ಮನ ತಮ್ಮ ಚಿಕ್ಕಸ್ವಾಮಿ. ನಾಳೆ ಬೆಳಿಗ್ಗೆ ಅವನು ಅದೇ ಸ್ವಿಚ್ಚಿಗೆ ಟವಲ್ಲು ಕಟ್ಟಿ ಅದೇ ಕಂಬ ಹತ್ತಬೇಕು. ಸಾಹೇಬರ ಹತ್ತಿರ ಗವಸು ಕೇಳು ಎಂದು ಅವನಿಗೆ ಹೇಳಿದೆ. "ಸುಮ್ಕಿರು ಬಾವ, ಕೇಳುದ್ರೆ ಎದ್ರುಕೊಂಡ ಅಂತಾರೆ," ಎಂದ. ಕೇಳಿದವನೂ ಪಡೆಯಲಿಲ್ಲ, ಕೇಳದವನೂ ಪಡೆಯುವುದಿಲ್ಲ ಎಂಬ ಸಮಾನತೆಯನ್ನು ಇಲಾಖೆ ಕಾಪಾಡಿಕೊಂಡು ಬಂದಿದೆ.

ಮೊನ್ನೆ ಆಯುಧಪೂಜೆಗೆ ಬೀರು ತೆರೆದಾಗ ನನಗೆ ಆಸೆಯಾಗಿತ್ತು. ತಮಗೆ ಅರಿಸಿನ ಕುಂಕುಮ ಹಚ್ಚಿ, ಬೆರಳಿಗೊಂದರಂತೆ ಸೇವಂತಿಗೆ ಸಿಕ್ಕಿಸಿ, ದೃಷ್ಟಿ ತೆಗೆದು, ಬೂದುಗುಂಬಳಕಾಯಿ ಒಡೆದರು. ನಾನು ಸಾಹೇಬರಿಗೆ ಚಿಕ್ಕಸ್ವಾಮಿಯ ವಿಷಯ ಹೇಳಿದೆ. ಇನ್ಸ್‌ಪೆಕ್ಷನ್ ಮುಗಿಯಲಿ ಎಂದರು. ನಮಗೆಲ್ಲ ಪುರಿ ಹಂಚಿ, ತಮಗೆ ಬೀಗ ಹಾಕಿದರು. ಕಂಬ ಹತ್ತುವವರ ದೃಷ್ಟಿಯನ್ನು ಯಾರೂ ತೆಗೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ನಾಳೆ ಒಂದು ಬೆಳಗಿನ ಮಟ್ಟಿಗೆ ತಾವೇ ದೊಡ್ಡ ಮನಸ್ಸು ಮಾಡಿ, ಒಳಗಿನಿಂದ ಚಿಲಕ ತೆಗೆದು, ಹುಲ್ಲಹಳ್ಳಿ ಬಸ್ಸು ಹತ್ತಿ ನಾಲೆಯ ಹತ್ತಿರ ಇಳಿಯಬೇಕು. ಕೈಗಳಿಗೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಕಂಡಕ್ಟರು ಕೇಳಿದರೆ ನನ್ನ ಹೆಸರು ಹೇಳಿ, ನನ್ನದರಲ್ಲಿ ಒಂದು ಉಳಿತಾಯವಾಗಿದೆ. ಬಿಸಿಲಿಗೆ ಬಣ್ಣ ಮಾಸುವ ಭಯವಿದ್ದರೆ, ಇನ್ಸ್‌ಪೆಕ್ಷನ್ ಮುಗಿಯುವ ತನಕ ಯಾರನ್ನೂ ಮುಟ್ಟಬಾರದೆಂದು ಕರೆಂಟಿಗಾದರೂ ತಾವು ಬುದ್ಧಿ ಹೇಳಬೇಕು. ನನ್ನ ಪಾಲಿಗೆ ತಮ್ಮಲ್ಲಿ ಬಲಗೈಯವರು ಇನ್ನು ನಿವೃತ್ತರಾದರೂ ಅಡ್ಡಿಯಿಲ್ಲ. ಆದರೆ ಚಿಕ್ಕಸ್ವಾಮಿಗೆ ಎರಡೂ ಕೈಗಳಿವೆ. ಅವು ಹಾಗೆಯೇ ಇರಬೇಕೆಂಬುದು ನನ್ನ ಆಸೆ.

ಅಕ್ಷರಗಳು ಎಡಕ್ಕೆ ವಾಲಿರುವುದಕ್ಕೆ ಕ್ಷಮೆ ಬೇಡುತ್ತಾ, ಬೆರಳುಗಳಿರುವ ತನಕ

ತಮ್ಮ ವಿಶ್ವಾಸಿ,
ಹುಚ್ಚಯ್ಯ

ವಿ.ಸೂ.: ಈ ಪತ್ರವನ್ನು ಎಲ್ಲರೂ ಓದುವಂತೆ ತಮ್ಮ ಬೀರುವಿನ ಗಾಜಿಗೇ ಅಂಟಿಸಿ ಹೋಗುತ್ತಿದ್ದೇನೆ. ತಾವು ಬರಲಾರಿರಿ ಎಂಬ ಅನುಮಾನವಿರುವುದರಿಂದ, ನಾಳೆ ಚಿಕ್ಕಸ್ವಾಮಿ ಇಳಿಯುವ ತನಕ ಸ್ವಿಚ್ಚಿನ ಕೆಳಗೆ ಟವಲ್ಲಿನ ಜೊತೆ ನಾನೂ ಕೂತಿರುತ್ತೇನೆ. ಕೊಳೆಯಾಗಿದ್ದೇನೆಂದು ನನ್ನನ್ನು ಯಾರೂ ಒಗೆಯಲು ಒಯ್ಯಲಾರರು. ಆ ಹೊತ್ತಿನಲ್ಲಿ ಕಚೇರಿಯ ಫೋನು ಬಡಿದುಕೊಂಡರೆ ದಯವಿಟ್ಟು ತಾವೇ ಎತ್ತಬೇಕು. ಅಲ್ಲಿ ಕೆಲಸವಿಲ್ಲದೆ ಖಾಲಿ ಇರುವ ಕೈಗಳೆಂದರೆ ತಮ್ಮವೆರಡೇ.