ಟೊಕೆಲಾವಿನ ಮೂರು ಕೋಡುಬಳೆ

ಭೂಗೋಳಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರ ಬಾಳಿನಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ವೈದ್ಯರನ್ನು ಕಂಡವರು ಕಾಯಿಲೆ ಹೇಳಿಕೊಳ್ಳುತ್ತಾರೆ, ವಕೀಲರನ್ನು ಕಂಡವರು ಜಗಳ ಹೇಳಿಕೊಳ್ಳುತ್ತಾರೆ. ನನ್ನನ್ನು ಕಂಡವರು ನಾಳೆ ಮಳೆ ಬರುತ್ತದೆಯೇ ಎಂದು ಕೇಳುತ್ತಾರೆ. ನನ್ನ ಸಿಟ್ಟಿಗೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು.

ಆ ವರ್ಷ ನಾನು ನೈರೋಬಿಯ ಹೈರಿಡ್ಜ್‌ನಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದೆ. ಹದಿನೇಳು ಅರ್ಜಿಗಳಿಗೆ ಬಂದದ್ದು ಒಂದೇ ಉತ್ತರ, ಅದೇ ಊರಿನ ಲ್ಯಾವಿಂಗ್ಟನ್ ಬಡಾವಣೆಯ ಒಂದು ಖಾಸಗಿ ಶಾಲೆಯಿಂದ. ಆಡಳಿತ ಮಂಡಳಿಯ ಎದುರು ನಲವತ್ತು ನಿಮಿಷದ ಮಾದರಿ ಪಾಠ ಮಾಡಬೇಕು; ಮೆಚ್ಚಿದರೆ ಕೆಲಸ. ಮೆಚ್ಚದಿದ್ದರೆ ತಿಂಗಳ ಕೊನೆಗೆ ನನ್ನ ವೀಸಾ ಮುಗಿಯುತ್ತದೆ, ನಾನು ಮೈಸೂರಿಗೆ ಮರಳಬೇಕು. ಅಲ್ಲಿ ಒಂದು ಗಂಡಿನ ಕಡೆಯವರು ನನ್ನ ಫೋಟೊ ತರಿಸಿಕೊಂಡು ಕಾಯುತ್ತಿದ್ದರು.

ಬರುವವರೆಲ್ಲ ಭಾರತವನ್ನೋ ಕೆನ್ಯಾವನ್ನೋ ಬಾಯಿಪಾಠ ಮಾಡಿಕೊಂಡು ಬರುತ್ತಾರೆಂದು ಪ್ರಾಂಶುಪಾಲೆ ಚೀಟಿ ಎತ್ತಿಸಿದರು. ನನಗಿಂತ ಮೊದಲು ಎತ್ತಿದವರಿಗೆ ಬ್ರೆಜಿಲ್ ಸಿಕ್ಕಿತ್ತು. ನನ್ನ ಚೀಟಿಯಲ್ಲಿ ಟೊಕೆಲಾವ್ ಎಂದಿತ್ತು. ಅದರ ಕೆಳಗೆ ನಾಲ್ಕು ಶೀರ್ಷಿಕೆಗಳು: ಭೂಗೋಳ, ಜನ, ಸರ್ಕಾರ, ಆರ್ಥಿಕತೆ.

೧. ಭೂಗೋಳ

ಟೊಕೆಲಾವ್ ಪೆಸಿಫಿಕ್ ಸಾಗರದಲ್ಲಿ ನ್ಯೂಜಿಲೆಂಡಿಗೆ ಸೇರಿದ ಪ್ರದೇಶ. ಅಟಾಫು, ನುಕುನೊನು, ಫಕಾಒಫೊ ಎಂಬ ಮೂರು ಹವಳ ದ್ವೀಪಗಳು. ಬೆಟ್ಟವಿಲ್ಲ, ನದಿಯಿಲ್ಲ, ವಿಮಾನ ನಿಲ್ದಾಣವಿಲ್ಲ. ಸಮೋವಾದಿಂದ ಹಡಗು ಹತ್ತಿದರೆ ಒಂದು ದಿನಕ್ಕೂ ಹೆಚ್ಚಿನ ಪಯಣ.

ಇದನ್ನು ಭಾವನಿಗೆ ಒಪ್ಪಿಸಿದೆ. ಭಾವ ಟೆಲಿಕಾಂ ಕಂಪನಿಯ ಕೆಲಸದ ಮೇಲೆ ಬೆಂಗಳೂರಿನಿಂದ ಬಂದವನು; ಲೋಕದ ಯಾವ ಸಂಗತಿಯನ್ನೂ ಟವರಿನ ಎತ್ತರದಿಂದ ಅಳೆಯುತ್ತಾನೆ.

"ಏನಮ್ಮಾ ಗೋಲ್ಡ್ ಮೆಡಲ್, ಅಲ್ಲಿ ಅತಿ ಎತ್ತರದ ಜಾಗ ಎಷ್ಟು?"

"ಸುಮಾರು ಐದು ಮೀಟರ್."

"ನಮ್ಮ ಫ್ಲ್ಯಾಟು ಎರಡನೇ ಮಹಡೀಲಿದೆ. ಹಾಗಾದ್ರೆ ಅಲ್ಲಿ ನಿಮ್ಮಕ್ಕ ಬಟ್ಟೆ ಒಣಗಿಸೋ ಬಾಲ್ಕನೀನೇ ಮೌಂಟ್ ಕೆನ್ಯಾ ಅನ್ನು."

ದ್ವೀಪವೆಂದರೆ ನೀರಿನ ನಡುವಿನ ಮಣ್ಣಿನ ಗುಡ್ಡೆಯೆಂದೇ ಅವನ ನಂಬಿಕೆ. ಇವು ಹಾಗಲ್ಲ, ಬಳೆಯ ಹಾಗೆ. ನಡುವೆ ನೀರು, ಸುತ್ತ ಸಪೂರ ನೆಲ ಎಂದು ವಿವರಿಸಿದೆ. ಅಡುಗೆಮನೆಯಿಂದ ಅಕ್ಕ, "ಕೋಡುಬಳೆ ಅಂತ ಒಂದೇ ಮಾತಲ್ಲಿ ಹೇಳಬಾರದಾ?" ಎಂದಳು. ಆರು ವರ್ಷ ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನು ಅಕ್ಕ ಒಲೆಯ ಮುಂದೆ ಒಂದು ಪದದಲ್ಲಿ ಮುಗಿಸಿದಳು. ನನಗೆ ಕೋಪ ಬಂತು. ಮಾದರಿ ಕೂಡ ಸಿಕ್ಕಿತು.

ಮಾರನೆಯ ದಿನ ಅಕ್ಕ ತಟ್ಟೆಯಗಲದ ಮೂರು ಕೋಡುಬಳೆ ಕರಿದಳು. ನಾನು ಪರೀಕ್ಷಿಸಿ, "ಇವು ಪೂರ್ಣ ವೃತ್ತವಾಗಿವೆ. ನಿಜವಾದ ದ್ವೀಪಗಳು ಅಲ್ಲಲ್ಲಿ ತುಂಡಾಗಿರುತ್ತವೆ" ಎಂದೆ.

"ನೋಡು ಕಣೇ, ನಿನ್ನ ದ್ವೀಪ ತುಂಡಾಗಿರಬಹುದು. ನಮ್ಮಮ್ಮನ ಮನೆ ಕೋಡುಬಳೆ ತುಂಡಾಗಲ್ಲ."

ನಾವು ಹೀಗೆ ವಾದಿಸುತ್ತಿರುವಾಗ ಭಾವ ಆಫೀಸಿನಿಂದ ಬಂದು ಕೈ ತೊಳೆಯದೆ ಒಂದರ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡ. ಅಕ್ಕನ ಮುಖ ನೋಡಿ, "ಯಾಕೆ, ಈಗ ಭೂಗೋಳ ಸರಿಯಾಯ್ತಲ್ಲ" ಎಂದ. ಸರಿಯಾಗಿತ್ತು. ಅಕ್ಕ ಅವನಿಗಾಗಿ ಇನ್ನೊಂದನ್ನು ಕರಿಯಲಿಲ್ಲ.

೨. ಜನ

ಕೆಳಗಿನ ಮನೆಯ ಆಂಟಿ ಹಾಸನದ ಕಡೆಯವರು, ನೈರೋಬಿಗೆ ಬಂದು ಮೂವತ್ತು ವರ್ಷ. ಶುಕ್ರವಾರದ ಒಪ್ಪತ್ತನ್ನು ಒಮ್ಮೆಯೂ ಬಿಟ್ಟವರಲ್ಲ. ಟೊಕೆಲಾವಿನ ಜನ ಒಂದೂವರೆ ಸಾವಿರಕ್ಕೂ ಕಡಿಮೆ ಎಂದಾಗ ಅವರು, "ನಮ್ಮ ದೀಪಾವಳಿ ಊಟಕ್ಕೆ ಬರೋರು ಅದಕ್ಕಿಂತ ಜಾಸ್ತಿ" ಎಂದು ತಳ್ಳಿಹಾಕಿದರು. ಆದರೆ ಇನ್ನೊಂದು ಸಂಗತಿ ಅವರನ್ನು ಹಿಡಿದು ನಿಲ್ಲಿಸಿತು.

ಎರಡು ಸಾವಿರದ ಹನ್ನೊಂದರ ಕೊನೆಯಲ್ಲಿ ಸಮೋವಾ ಮತ್ತು ಟೊಕೆಲಾವ್ ಅಂತರರಾಷ್ಟ್ರೀಯ ದಿನಾಂಕ ರೇಖೆಯ ಆ ಬದಿಯಿಂದ ಈ ಬದಿಗೆ ಬಂದವು. ಜನ ಡಿಸೆಂಬರ್ ಇಪ್ಪತ್ತೊಂಬತ್ತರ ರಾತ್ರಿ ಮಲಗಿ ಮೂವತ್ತೊಂದರ ಬೆಳಿಗ್ಗೆ ಎದ್ದರು. ಮೂವತ್ತನೆಯ ತಾರೀಖು ಅಲ್ಲಿ ಬರಲೇ ಇಲ್ಲ.

"ಅವತ್ತು ಯಾವ ವಾರ?" ಎಂದು ಆಂಟಿ ಕೇಳಿದರು.

"ಶುಕ್ರವಾರ."

ಅವರು ಕೈಯಲ್ಲಿದ್ದ ಕರಿಬೇವಿನ ಕಟ್ಟನ್ನು ಕೆಳಗಿಟ್ಟರು. "ಹಾಗಾದ್ರೆ ಆ ಶುಕ್ರವಾರದ ಉಪವಾಸ?"

ಅಲ್ಲಿಯವರು ಕ್ರೈಸ್ತರು, ನಮ್ಮ ಒಪ್ಪತ್ತು ಅವರಿಗಿಲ್ಲ ಎಂದು ಹೇಳಬಹುದಿತ್ತು. ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುವುದು ನನ್ನ ಶಿಸ್ತು. "ಆ ಶುಕ್ರವಾರ ಟೊಕೆಲಾವಿನಲ್ಲಿ ಯಾರೂ ಏನನ್ನೂ ತಿನ್ನಲಿಲ್ಲ" ಎಂದೆ.

"ಒಬ್ಬರೂ?"

"ಒಬ್ಬರೂ. ಮಕ್ಕಳು ಕೂಡ."

"ಹಾಲು, ಹಣ್ಣು?"

"ನೀರನ್ನೂ ಮುಟ್ಟಲಿಲ್ಲ."

ಆಂಟಿ ತೆಂಕಣ ದಿಕ್ಕೋ ಮೂಡಣ ದಿಕ್ಕೋ ಎಂದು ನನ್ನನ್ನು ವಿಚಾರಿಸಿ, ಪೆಸಿಫಿಕ್ ಕಡೆಗೆ ತಿರುಗಿ ಕೈಮುಗಿದರು. ಅಂದಿನಿಂದ ಅವರ ಗಂಡ ಶುಕ್ರವಾರ ಎರಡನೆಯ ಸಲ ಉಪ್ಪಿಟ್ಟು ಕೇಳಿದಾಗಲೆಲ್ಲ ಅವರಿಗೆ ಟೊಕೆಲಾವಿನ ಉದಾಹರಣೆ ಕೊಡಲಾಗುತ್ತದೆ.

೩. ಸರ್ಕಾರ

ಪಾಠವನ್ನು ನಿಜವಾದ ಸಭಿಕರ ಮುಂದೆ ಒಮ್ಮೆ ಒಪ್ಪಿಸಬೇಕೆಂಬುದು ಭಾವನ ಸಲಹೆ. ಭಾನುವಾರ ಊರಿನ ಕನ್ನಡಿಗರ ಸಂಘದ ಸಭೆಯಿತ್ತು. ಅಧ್ಯಕ್ಷರು ಕರಾವಳಿಯ ಹಿರಿಯ ಡಾಕ್ಟರು. ಹನ್ನೊಂದು ವರ್ಷದಿಂದ ಅವರೇ ಅಧ್ಯಕ್ಷರು, ಏಕೆಂದರೆ ಚುನಾವಣೆ ನಡೆಸಬೇಕಾದವರೂ ಅವರೇ. ಬ್ಯಾಂಕಿನವರು, ಟೆಲಿಕಾಂನವರು, ಡಾಕ್ಟರರು ಎಂದು ಸಭೆ ಮೂರು ಸಾಲುಗಳಲ್ಲಿ ಕೂತಿತ್ತು. ಇದರ ಅರ್ಥ ನನಗೆ ಆಗ ತಿಳಿದಿರಲಿಲ್ಲ.

ನಾನು ಹೇಳಿದ್ದು ಇಷ್ಟು: "ಅಲ್ಲಿ ಮೂರು ಗುಂಪುಗಳಿವೆ. ಮುಖ್ಯಸ್ಥನ ಸ್ಥಾನ ಪ್ರತಿ ವರ್ಷ ಒಂದರಿಂದ ಇನ್ನೊಂದಕ್ಕೆ ಸರದಿಯಂತೆ ಹೋಗುತ್ತದೆ. ಶಾಶ್ವತ ರಾಜಧಾನಿಯೂ ಇಲ್ಲ. ಆ ವರ್ಷದ ಮುಖ್ಯಸ್ಥ ಎಲ್ಲಿಯವನೋ ಅಲ್ಲಿಗೇ ಆಡಳಿತ ಹೋಗುತ್ತದೆ. ಯಾರೂ ಕುರ್ಚಿಯನ್ನು ಹಿಡಿದು ಕೂರುವುದಿಲ್ಲ."

ಬ್ಯಾಂಕಿನ ಸಾಲು ಚಪ್ಪಾಳೆ ತಟ್ಟಿತು. ಟೆಲಿಕಾಂ ಸಾಲು ಇನ್ನೂ ಜೋರಾಗಿ ತಟ್ಟಿತು. ಅಧ್ಯಕ್ಷರು ಕನ್ನಡಕ ತೆಗೆದರು.

"ನಿಮ್ಮನ್ನು ಇದಕ್ಕೆ ಕಳಿಸಿದ್ದು ಯಾರು ಮಾರಾಯ್ರೆ?"

"ಲ್ಯಾವಿಂಗ್ಟನ್ನಿನ ಶಾಲೆ, ಸರ್. ಇದು ಟೊಕೆಲಾವ್."

"ಯಾವ ಟೊಕೆಲಾವ್? ನನಗೆ ಗೊತ್ತಿಲ್ಲದ್ದಾ? ಹಾಗಾದ್ರೆ ಸಂಘದ ದೊಡ್ಡ ಕುಕ್ಕರು, ಮೈಕು, ದೀಪದ ಕಂಬ ಎಲ್ಲ ವರ್ಷಕ್ಕೊಂದು ಮನೆಗೆ ಹೊತ್ತುಕೊಂಡು ತಿರುಗುವುದಾ?"

"ಹೌದೌದು, ಈ ವರ್ಷ ನಮ್ಮನೆಗೆ ಬರಲಿ" ಎಂದು ಬ್ಯಾಂಕಿನ ಸಾಲಿನಿಂದ ಯಾರೋ ಹೇಳಿದರು. ಮುಂದಿನ ಅರ್ಧ ಗಂಟೆ ನಾನು ನಕಾಶೆ ಹಿಡಿದು ನಿಂತೇ ಇದ್ದೆ. ಯಾರೂ ಅದನ್ನು ನೋಡಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ಭಾವ ಹೇಳಿದ: "ಪಾಠ ಚೆನ್ನಾಗಿತ್ತು. ಒಂದು ವಿಷಯ ಹೇಳೋಕೆ ಮರೆತಿದ್ದೆ. ನಿನ್ನ ಶಾಲೆ ಆಡಳಿತ ಮಂಡಳಿಗೂ ಅವರೇ ಅಧ್ಯಕ್ಷರು."

೪. ಆರ್ಥಿಕತೆ

ಪರೀಕ್ಷೆಯ ದಿನ ಮೂರು ಕೋಡುಬಳೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮಟಾಟು ಹತ್ತಿದೆ. ಕಿಕ್ಕಿರಿದ ಆ ವ್ಯಾನಿನ ಕಂಡಕ್ಟರ್ ತೊಡೆಯ ಮೇಲಿನ ಪೆಟ್ಟಿಗೆ ನೋಡಿ ಒಳಗೇನೆಂದು ಕೇಳಿದ. ದ್ವೀಪಗಳು ಎಂದೆ. "ಸವಾ, ಆಗಲಿ," ಎಂದ ಅವನು, "ನಿಂತುಕೊಂಡು ಬರುವುದಾದರೆ ಇನ್ನೂ ನಾಲ್ಕು ಹತ್ತಿಸಬಹುದು."

ತರಗತಿಯಲ್ಲಿ ಇಪ್ಪತ್ತನಾಲ್ಕು ಮಕ್ಕಳು. ಹಿಂದಿನ ಸಾಲಿನಲ್ಲಿ ಪ್ರಾಂಶುಪಾಲೆ, ಮಂಡಳಿಯ ಇಬ್ಬರು, ಮತ್ತು ಕನ್ನಡಕ ಹಾಕಿಕೊಂಡು ಸಿದ್ಧರಾಗಿದ್ದ ಡಾಕ್ಟರು. ನನ್ನನ್ನು ಕಂಡೊಡನೆ ಅವರು ಏನನ್ನೋ ಬರೆದುಕೊಂಡರು. ಪಾಠ ಇನ್ನೂ ಆರಂಭವಾಗಿರಲಿಲ್ಲ.

ಅಕ್ಕನ ನೀಲಿ ಸೀರೆಯನ್ನು ಮೇಜಿನ ಮೇಲೆ ಹಾಸಿ ದ್ವೀಪಗಳನ್ನು ಇಟ್ಟೆ. ಮಕ್ಕಳನ್ನು ಮೂರು ದ್ವೀಪಗಳಾಗಿ ಕೂರಿಸಿದೆ; ಡಾಕ್ಟರ ಮುಂದಿನ ಗುಂಪು ನುಕುನೊನು. ಹತ್ತು ನಿಮಿಷವೆಂದರೆ ಒಂದು ವರ್ಷ. ವರ್ಷಕ್ಕೊಂದು ದ್ವೀಪದಿಂದ ಮುಖ್ಯಸ್ಥರು. ಸರದಿಯನ್ನು ಹಲಗೆಯ ಮೇಲೆ ಬರೆದೆ. ಅದನ್ನು ಬಿಟ್ಟುಬಿಡಬಹುದಿತ್ತು, ಭಾವ ಬೇಡಿಕೊಂಡೂ ಇದ್ದ. ಆದರೆ ಒಬ್ಬರ ಕುರ್ಚಿಗಾಗಿ ಒಂದು ಪ್ರದೇಶದ ಸರ್ಕಾರವನ್ನು ಬದಲಿಸಲು ನಾನು ಸಿದ್ಧಳಿರಲಿಲ್ಲ.

ಮೂರನೆಯ ವರ್ಷದಲ್ಲಿ ಆರ್ಥಿಕತೆಗೆ ಬಂದೆ. ಮೀನುಗಾರಿಕೆಯ ಪರವಾನಗಿ, ನ್ಯೂಜಿಲೆಂಡಿನ ನೆರವು, ತೆಂಗು. ಅದಕ್ಕಿಂತ ಮುಖ್ಯವಾಗಿ ಅಲ್ಲಿನ ಒಂದು ಪದ್ಧತಿ: ಊರಿಗಾಗಿ ಹಿಡಿದ ಮೀನನ್ನೆಲ್ಲ ಒಂದೆಡೆ ರಾಶಿ ಹಾಕಿ ಎಲ್ಲ ಮನೆಗಳಿಗೂ ಸಮನಾಗಿ ಹಂಚುತ್ತಾರೆ; ಹಂಚುವವರ ಮುಂದೆ ದೊಡ್ಡವರಿಲ್ಲ, ಚಿಕ್ಕವರಿಲ್ಲ. ಆಗ ಮುಖ್ಯಸ್ಥೆಯಾಗಿದ್ದವಳು ಫಕಾಒಫೊ ದ್ವೀಪದ ಒಂದು ಪುಟ್ಟ ಹುಡುಗಿ, ನೈರೋಬಿಯಲ್ಲೇ ಬೆಳೆದ ಕನ್ನಡದ ಮಗು. ಕೋಡುಬಳೆಗಳನ್ನು ಮುರಿದು ಹಂಚುವ ಕೆಲಸವನ್ನು ಅವಳಿಗೆ ಒಪ್ಪಿಸಿದೆ. ಅವಳು ಅಳೆದು ಮುರಿದಳು. ಪ್ರಾಂಶುಪಾಲೆಗೂ ಒಂದು ತುಂಡು, ಡಾಕ್ಟರಿಗೂ ಒಂದು ತುಂಡು.

ಡಾಕ್ಟರು ಬಾಯಿಗೆ ಹಾಕಿಕೊಂಡರು. ಅವರ ಪೆನ್ನು ನಿಂತಿತು. ನೈರೋಬಿಯಲ್ಲಿ ಅಂಥ ಕೋಡುಬಳೆ ಅವರಿಗೆ ಸಿಕ್ಕಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ತಟ್ಟೆಯಲ್ಲಿ ಕೆಲವು ತುಂಡುಗಳು ಉಳಿದಿದ್ದವು.

"ಮಗಾ, ಇನ್ನೊಂದು ಕೊಡು ನೋಡುವ."

"ನೋ ಅಂಕಲ್. ಎಲ್ಲರಿಗೂ ಒನ್ ಓನ್ಲಿ."

"ನಾನು ಇಲ್ಲಿಯ ಅಧ್ಯಕ್ಷ ಅಲ್ವಾ?"

ಹುಡುಗಿ ಅವರು ಕೂತ ಜಾಗ ನೋಡಿದಳು, ಆಮೇಲೆ ಹಲಗೆ ನೋಡಿದಳು. ತುಂಬಾ ಮರ್ಯಾದೆಯಿಂದ ಹೇಳಿದಳು: "ನೀವು ನುಕುನೊನು, ಅಂಕಲ್. ಯುವರ್ ಟರ್ನ್ ಈಸ್ ಓವರ್."

ಡಾಕ್ಟರು ನನ್ನ ಕಡೆ ತಿರುಗಿದರು. "ಈ ಮಗುವಿಗೂ ನೀವೇ ಹೇಳಿಕೊಟ್ಟದ್ದಾ ಮಾರಾಯ್ರೆ?"

ಅವರು ಏನೆಂದರು ಎಂದು ಪ್ರಾಂಶುಪಾಲೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನಾನು ನಿಖರವಾಗಿ ಅನುವಾದಿಸಿದೆ: "ಇದನ್ನೆಲ್ಲ ಮಗುವಿಗೆ ಕಲಿಸಿದವಳು ನಾನೇ ಎಂದು ಅಧ್ಯಕ್ಷರು ಹೇಳುತ್ತಿದ್ದಾರೆ."

"ಅರ್ಧ ಗಂಟೆಯ ಹಿಂದೆ ಈ ಮಕ್ಕಳಿಗೆ ಆ ಜಾಗದ ಹೆಸರೂ ಗೊತ್ತಿರಲಿಲ್ಲ" ಎಂದರು ಪ್ರಾಂಶುಪಾಲೆ. "ಅಧ್ಯಕ್ಷರೇ ದೃಢಪಡಿಸಿದ ಮೇಲೆ ಚರ್ಚೆಗೇನಿದೆ?" ಎಂದು ನೇಮಕದ ಹಾಳೆಯನ್ನು ಅವರ ಮುಂದಿಟ್ಟರು.

ಎರಡನೆಯ ತುಂಡು ಕೇಳಿದ್ದನ್ನು ಇಂಗ್ಲಿಷಿನಲ್ಲಿ ವಿವರಿಸುವುದಕ್ಕಿಂತ ಸಹಿ ಸುಲಭವೆಂದು ಡಾಕ್ಟರು ಸಹಿ ಹಾಕಿದರು. ಹಾಳೆಯನ್ನು ನನ್ನ ಕೈಗೆ ಕೊಡುವಾಗ ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದರು: "ಬರುವ ಭಾನುವಾರ ಸಂಘದ ಸಭೆ ಉಂಟು. ಕೋಡುಬಳೆ ತನ್ನಿ. ಆ ಮಗುವನ್ನು ಮಾತ್ರ ಕರೆದುಕೊಂಡು ಬರಬೇಡಿ."