ಎಮ್ಮೆಗೆ ನಾಲ್ಕು ಬಣ್ಣ

ಶೈಲಶ್ರೀಗೆ ಆವತ್ತಿನ ಕಷ್ಟವೆಲ್ಲ ಬಂದದ್ದು ಒಂದು ಹೆಬ್ಬೆರಳಿನ ದೆಸೆಯಿಂದ. ಕೌಸರ ಮೇಡಂ ಕಳಿಸಿದ್ದ ವಾಯ್ಸ್ ಮೆಸೇಜನ್ನು ಕಿವಿಗೆ ಹಚ್ಚಿಕೊಂಡು ಗುಟ್ಟಾಗಿ ಕೇಳಬೇಕಾದವಳು, ಅವಸರದಲ್ಲಿ ದೊಡ್ಡ ದನಿಯಲ್ಲೇ ಹಚ್ಚಿಬಿಟ್ಟಳು. ಸವಣೂರಿನ ಮೇಡಂ ಹಿರೇಕೆರೂರಿನ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು ಮಾತಾಡಿದಂತೆ ಮನೆಯೆಲ್ಲ ಮೊಳಗಿತು.

“ಶೈಲಾ, ನಿನ್ನ ಪುಟ ನೋಡ್ದೆ. ಚಿತ್ರದಾಗ ಮೂರು ಸೂರ್ಯ ಅದಾವಲ್ಲ! ಬಸ್ಸಿನ ನೆರಳು ಬಲಕ್ಕ ಬಿದ್ದೇತಿ, ಎಮ್ಮಿದು ಎಡಕ್ಕ, ಕಂಡಕ್ಟರಂದು ಬಿದ್ದೇ ಇಲ್ಲ. ಬಣ್ಣ ಎಲ್ಲಾ ಕೂಡೇ ಒದರಾಕತ್ತಾವ, ಯಾವದರ ಮಾತು ಮೊದಲ ಕೇಳ್ಬೇಕು ತಿಳಿಯಂಗಿಲ್ಲ. ಸಂಜೀ ಆರರೊಳಗ ತಿದ್ದಿ, ಲೇಯರ್ ಇದ್ದ ಫೈಲೇ ಕಳಸು. ಅದಕ್ಕಿಂತ ಮೊದಲ ನಾಕು ಮಂದಿಗೆ ತೋರಿಸು, ಏನಂತಾರ ಕೇಳು.”

ಅಷ್ಟೂ ಮಾತಿನಲ್ಲಿ ಅವ್ವನ ಕಿವಿಗೆ ಬಿದ್ದದ್ದು ಕೊನೆಯದೊಂದೇ.

“ನಾಕು ಮಂದಿ ಅಂದ್ಲಲ್ಲ? ನಾ ಕರಕೊಂಡ ಬರ್ತೇನಿ ತಡಿ.”

“ಅವ್ವಾ, ನಾಕು ಮಂದಿ ಅಂದ್ರ ನಮ್ಮ ಕ್ಲಾಸಿನಾಗಿನ ಹುಡುಗ್ಯಾರು…”

ಈ ಮಾತು ಮುಗಿಯುವಷ್ಟರಲ್ಲಿ ಅವ್ವನ ಚಪ್ಪಲಿ ಅಂಗಳ ದಾಟಿತ್ತು.

ಶೈಲಶ್ರೀ ಬಿ.ಕಾಂ. ಮುಗಿಸಿ ವರ್ಷವಾಗಿತ್ತು. ಯಾರಿಗೂ ಎದುರಾಡಿ ಗೊತ್ತಿಲ್ಲದ ಹುಡುಗಿ. ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಹೋದರೂ “ನಿಲ್ಲಸ್ರಿ” ಎನ್ನಲು ನಾಚಿ, ಮುಂದಿನ ಊರಿನಲ್ಲಿ ಇಳಿದು ನಡೆದು ಬಂದವಳು. ಆಡಬೇಕಾದ ಮಾತನ್ನೆಲ್ಲ ಮನೆಗೆ ಬಂದು ಡೈರಿಯಲ್ಲಿ ಬರೆಯುತ್ತಿದ್ದಳು. ಡೈರಿಯಲ್ಲಿ ಅವಳು ಭಾರೀ ಜಗಳಗಂಟಿ.

ಇಂಥವಳನ್ನು ಓಣಿಯ ಚನ್ನವೀರಪ್ಪನ ಗೋವಿನಜೋಳದ ಅಂಗಡಿಯಲ್ಲಿ ಕೂರಿಸಲು ಅಪ್ಪ ಮಾತು ಕೊಟ್ಟಿದ್ದ. ಅಲ್ಲಿ ಮುಂಬಾಗಿಲಲ್ಲೇ ಕುರ್ಚಿ. ಬಂದ ರೈತರ ಹೆಸರು ಕೂಗಬೇಕು, ತೂಕದ ಚೀಟಿ ಬರೆಯಬೇಕು, ದಿನಕ್ಕೆ ನೂರಾರು ಮಂದಿಯ ಮುಖ ನೋಡಿ ಮಾತಾಡಬೇಕು. “ಹದಿನೈದು ದಿನ ತಡೀಪಾ” ಎಂದು ಕಾಲು ಹಿಡಿದಿದ್ದಳು. ಕೌಸರ ಮೇಡಂ ಆನ್‌ಲೈನಿನಲ್ಲಿ ಚಿತ್ರಕತೆಗೆ ಬಣ್ಣ ತುಂಬುವುದನ್ನು ಕಲಿಸುತ್ತಿದ್ದರು. ಕಲಿಯುವ ಎಂಟು ಮಂದಿಯಲ್ಲಿ ಪರೀಕ್ಷೆಯ ಪುಟಕ್ಕೆ ಎಲ್ಲರಿಗಿಂತ ಚೆನ್ನಾಗಿ ಬಣ್ಣ ತುಂಬಿದ ಒಬ್ಬರಿಗೆ, ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಹನ್ನೆರಡು ಕಂತು ಬಣ್ಣ ಹಚ್ಚುವ ಕೆಲಸ. ಅದು ಸಿಕ್ಕರೆ ಮನೆಯ ಮೂಲೆಯಲ್ಲಿ ಕೂತು, ಯಾರ ಜೊತೆಗೂ ಮಾತಾಡದೆ ಬದುಕಬಹುದು. ಅಪ್ಪ ಅವತ್ತು ಮುಂಜಾನೆ ಹಾವೇರಿ ಬಸ್ಸು ಹತ್ತುವ ಮುನ್ನ ಹೇಳಿಯೇ ಹೋಗಿದ್ದ: “ಇವತ್ತ ಆ ಕೆಲಸ ಸಿಕ್ರ ಸರಿ. ಇಲ್ಲಂದ್ರ ಸೋಮವಾರದಿಂದ ಅಂಗಡಿ.”

ಮೇಡಂ ಕಪ್ಪು ಗೆರೆಯಲ್ಲಿ ಬರೆದು ಕೊಟ್ಟ ಪುಟದಲ್ಲಿ ಆರು ಚೌಕ. ಸಂತೆಯ ಎಮ್ಮೆಯೊಂದು ಹಗ್ಗ ಹರಿದುಕೊಂಡು ಬಂದು ಬಸ್ಸು ಹತ್ತುತ್ತದೆ, ಹೆಂಗಸರ ಸೀಟಿನಲ್ಲಿ ಕೂರುತ್ತದೆ, ಕಂಡಕ್ಟರ್ ಟಿಕೆಟ್ ಕೇಳುತ್ತಾನೆ. ಗೆರೆ ಮುಟ್ಟುವಂತಿಲ್ಲ, ಬಣ್ಣ ತುಂಬಿ, ನೆರಳು ಬೆಳಕು ಕೊಟ್ಟು ಮುಗಿಸಬೇಕು, ಅಷ್ಟೇ.

ಅಷ್ಟೇ ಅಂದುಕೊಂಡಿದ್ದಳು.

ಮೊದಲು ಬಂದವನು ಪಕ್ಕದ ಮನೆಯ ಪರಮೇಶ್ವರಪ್ಪ ಕಾಕಾ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು. ಟ್ಯಾಬ್ ನೋಡಿದವನೇ ಸತ್ತವರ ಫೋಟೋ ನೋಡಿದಂತೆ ಮುಖ ಮಾಡಿದ.

“ಯವ್ವಾ, ಇದು ಯಾವ ಡಿಪೋದ ಗಾಡಿ?”

“ಸುಮ್ಮನ ಒಂದು ಬಸ್ಸು ಕಾಕಾ.”

“ಸುಮ್ಮನ ಬಸ್ಸು ಅಂತ ಇರಂಗಿಲ್ಲ. ಈ ಕೆಂಪು ನಮ್ಮ ಕೆಂಪಲ್ಲ. ಹೊಡೀ ಅಚ್ಚ ಕೆಂಪು! ಖಾಕಿ ಅಂಗೀನೂ ಇಸ್ತ್ರಿ ಮಾಡಿದಂಗ ಕಾಣ್ಬೇಕು. ಮತ್ತ ಈ ಕಂಡಕ್ಟರ್ ಯಾಕ ಬಾಯಿ ತಕ್ಕೊಂಡು ನಿಂತಾನ? ಎಮ್ಮಿ ಹತ್ತಿದ್ರ ಲಗೇಜ್ ಟಿಕೆಟ್ ಹರೀಬೇಕು. ನಾ ಒಂದ್ಸಲ ಹೋತಕ್ಕ ಹರದೇನಿ.”

ಬಾಯಿ ಮುಚ್ಚಿಸುವುದು ತನ್ನ ಕೈಯಲ್ಲಿಲ್ಲ, ಗೆರೆ ಮೇಡಂದು ಎಂದು ಹೇಳಬೇಕೆಂದುಕೊಂಡಳು. ಬಾಯಿಂದ ಬಂದದ್ದು “ಹೂಂ ಕಾಕಾ.”

ಆದರೆ ಅವಳಲ್ಲಿ ಒಂದು ಉಪಾಯವಿತ್ತು. ಟ್ಯಾಬಿನೊಳಗೆ ಬಣ್ಣ ಹಚ್ಚುವುದು ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ. ಮೇಡಂ ಲೇಯರ್ ಎನ್ನುವುದು ಈ ಹಾಳೆಗೇ. ಪ್ರತಿ ಹಾಳೆಗೂ ಒಂದು ಕಣ್ಣಿನ ಗುರುತು. ಒತ್ತಿದರೆ ಆ ಬಣ್ಣ ಕಾಣುತ್ತದೆ, ಮತ್ತೆ ಒತ್ತಿದರೆ ಮಾಯ. ತನ್ನ ಬಣ್ಣವನ್ನು ಮರೆಮಾಡಿ, ಹೊಸ ಹಾಳೆಯೊಂದರ ಮೇಲೆ ಕಾಕಾ ಹೇಳಿದ ಹಾಗೆ ಹಚ್ಚಿ ತೋರಿಸಿದಳು. ಅವನು ತೃಪ್ತನಾಗಿ ಎದ್ದು ಹೋದ. ಹೋದ ಮೇಲೆ ಕಣ್ಣು ಮುಚ್ಚಿಸಿದಳು. ಟ್ಯಾಬು ಹಾಳೆಗೆ ಹೆಸರು ಕೇಳಿತು. ಡೈರಿಯ ಕೈ ತಾನೇ ಬರೆಯಿತು: ‘ಕಾಕಾನ ಕಾಟ.’

ಅವಳಿಗೆ ಎಷ್ಟೋ ಹಗುರವಾಯಿತು.

ಹತ್ತು ಗಂಟೆಗೆ ಎದುರಿನ ಮ್ಯಾಚಿಂಗ್ ಸೆಂಟರಿನ ಶಬನಮ ಬಂದಳು. ಕೊರಳಲ್ಲಿ ಅಳತೆ ಟೇಪು.

“ಶೈಲಾ, ಸೀಟಿನಾಗ ಕುಂತ ಹೆಣ್ಮಗಳ ಸೀರಿ ಗುಲಾಬಿ ಐತಿ, ಬಸ್ಸು ಮಾತ್ರ ಕೆಂಪು. ಮದುವಿಗೆ ಉಟ್ಟು ಹೋಗೂ ಸೀರಿಗೆ ಶಾಲಿ ಯೂನಿಫಾರ್ಮಿನ ಬ್ಲೌಸ್ ಹಾಕಿದಂಗ ಕಾಣತೈತಿ ನೋಡವಾ. ಬಸ್ಸಿಗೂ ಗುಲಾಬಿ ಹಚ್ಚು.”

“ಬಸ್ಸಿಗೆ… ಗುಲಾಬಿ?”

“ಎಮ್ಮಿ ಕೋಡಿಗೂ ಸ್ವಲ್ಪ ಕೊಡು. ಅಂದ್ರ ಸೆಟ್ ಆಗತೈತಿ. ಅಂಚಿಗೆ ಜರಿ ಬರತೈತೇನು ಇದರಾಗ?”

ಜರಿಯೂ ಬಂತು. ಶಬನಮ ಕುಣಿಯುತ್ತ ಹೋದಳು. ಹಾಳೆಯ ಹೆಸರು: ‘ಮ್ಯಾಚಿಂಗ್ ಮಾರಿ.’

ಮೂರನೆಯವಳು ಶಿವಬಸವ್ವ ಆಯಿ. ಚನ್ನವೀರಪ್ಪನ ತಾಯಿ, ಎಪ್ಪತ್ತಾರು ವರ್ಷ, ಓಣಿಯ ಅರ್ಧ ಮಂದಿ ಹೊದೆಯುವ, ಹಳೆಯ ಸೀರೆ ತುಂಡು ಜೋಡಿಸಿದ ಕೌದಿ ಅವಳು ಹೊಲಿದದ್ದೇ. ಆಯಿ ಟ್ಯಾಬನ್ನು ಅಂಗಳದ ಬಿಸಿಲಿಗೆ ಒಯ್ದು, ಮಾರು ದೂರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

“ಕಣ್ಣಿಗೆ ಚುಚ್ಚತೈತಿ. ಎಲ್ಲಾ ಒಗದ ಹಾಕು.”

“ಯಾವದನ್ನ ಆಯಿ?”

“ಎಲ್ಲಾ. ಬಸ್ಸು, ಮಂದಿ, ಗಿಡಾ, ಮುಗಲು. ಹತ್ತು ನೀರು ಕಂಡ ಸೀರಿಗತೆ ಮಾಸಬೇಕು. ಎಮ್ಮಿ ಕೊಳ್ಳಾಗಿನ ಹಗ್ಗಾ ಒಂದ ಕೆಂಪಗಿರ್ಲಿ.”

“ಅಷ್ಟ ಹಚ್ಚಿದ್ರ ಪುಟ ಸಪ್ಪಗ ಆಗತೈತಿ ಆಯಿ…”

“ನೀ ಹಚ್ಚು. ಬಿಸಲು ನನ್ನ ಬೆನ್ನ ಹಿಂದಿಂದ ಬರಾಕತ್ತೇತಿ, ನೆರಳೆಲ್ಲಾ ನಿನ್ನ ಕಡೆ ಕೆಡವು. ಮುಗಿಯೂತನಾ ನಾ ಏಳಂಗಿಲ್ಲ.”

ಆಯಿ ಏಳಲಿಲ್ಲ. ಎರಡು ಸಲ ಚಹಾ ಕುಡಿದಳು, ಒಂದು ಸಲ ಊಟ ಮಾಡಿದಳು, “ಇನ್ನೂ ಮಾಸಬೇಕು” ಎಂದು ಹತ್ತು ಸಲ ಅಂದಳು. ಎರಡೂವರೆಗೆ ಅವಳು ಎದ್ದಾಗ ಶೈಲಶ್ರೀಯ ಬೆರಳು ಸೆಟೆದಿದ್ದವು. ಹೆಸರಿನ ಜಾಗದಲ್ಲಿ ಟ್ಯಾಬಿನ ಕಡ್ಡಿಪೆನ್ನನ್ನು ಕುಟ್ಟಿ ಕುಟ್ಟಿ ಬರೆದಳು: ‘ಮುದುಕಿ ಹಟ.’

ಮೂರು ಗಂಟೆಗೆ ಚನ್ನವೀರಪ್ಪ ಮೋಟರ್‌ಸೈಕಲ್ ಮೇಲೆ ಬಂದ. ಚಿತ್ರದ ಬಸ್ಸಿನ ಮೇಲಿದ್ದ ಚೀಲಗಳನ್ನು ಕಂಡು ಅವನ ಮುಖ ಅರಳಿತು.

“ಗೋವಿನಜೋಳ ಹೌದಲ್ಲ? ಹಳದಿ ಕಮ್ಮಿ ಆತು. ಕಾಳು ಬಂಗಾರದಂಗ ಹೊರಗ ಇಣುಕಬೇಕು. ಚೀಲದ ಮ್ಯಾಲೆ ನಮ್ಮ ಅಂಗಡಿ ಹೆಸರು ಹಾಕು, ಫೋನ್ ನಂಬರೂ ಇರ್ಲಿ. ಸೋಮವಾರ ಒಂಬತ್ತಕ್ಕ ಬಾ ಮತ್ತ, ಕುರ್ಚಿ ಒರಸಿ ಇಟ್ಟೇನಿ.”

“ಮಾವಾರ, ಇನ್ನೂ ಸಂಜೀ ಆಗಿಲ್ಲ…”

“ಆಗತೈತಿ ಬಿಡು” ಎಂದ ಚನ್ನವೀರಪ್ಪ, ಸಂಜೆ ತನ್ನ ಗೋದಾಮಿನಲ್ಲೇ ಇದೆ ಎಂಬಂತೆ. ನಾಲ್ಕನೆಯ ಹಾಳೆ: ‘ಜೋಳದ ಪೀಡೆ.’

ನಾಲ್ಕಕ್ಕೆ ಮನೆ ಖಾಲಿ. ಶೈಲಶ್ರೀ ತನ್ನ ಹಾಳೆಯನ್ನು ತೆರೆದು ಉಸಿರು ಬಿಟ್ಟಳು. ನೆರಳು ತಿದ್ದಿದಳು, ಮಾತಿನ ಗುಳ್ಳೆಗಳ ಸುತ್ತ ಬಣ್ಣ ಸೋರಿದ್ದನ್ನು ಒರೆಸಿದಳು. ಕಳಿಸುವ ಮುನ್ನ ನಾಲ್ಕೂ ಹಾಳೆ ಅಳಿಸಿಬಿಟ್ಟರಾಯಿತು, ಯಾರಿಗೂ ನೋವಿಲ್ಲ, ಯಾರಿಗೂ ಗೊತ್ತಿಲ್ಲ.

ಆದರೆ ಅವ್ವ ಐದಕ್ಕೆ ನಾಲ್ವರನ್ನೂ ಒಟ್ಟಿಗೆ ಅಂಗಳದಲ್ಲಿ ಮಂಡಕ್ಕಿ ಗಿರ್ಮಿಟ್ಟು ತಿನ್ನಲು ಕರೆದಿದ್ದಳು.

“ಅಷ್ಟೂ ಮಂದಿ ಹೇಳಿಕೊಟ್ಟಾರ, ಕೂಡೇ ನೋಡ್ಲಿ ಪಾಪ” ಎಂದು ಒಳಗಿನಿಂದ ಮೆಣಸಿನಕಾಯಿ ಬಜಿ ಎಣ್ಣೆಗೆ ಬಿಡುತ್ತ ಕೂಗಿದಳು.

ಟ್ಯಾಬ್ ಒಂದು, ನೋಡುವವರು ನಾಲ್ವರು. ಶೈಲಶ್ರೀ ಕಾಕಾನ ಬಣ್ಣದ ಕಣ್ಣು ತೆರೆದು ಅವನ ಕೈಗಿಟ್ಟಳು. “ಆಹಾ, ಇದು ಗಾಡಿ!” ಎಂದ. ಅವನು ಅದನ್ನು ಶಬನಮಳಿಗೆ ದಾಟಿಸಲು ಹೋದಾಗ ಶೈಲಶ್ರೀ ನಡುವೆಯೇ ಕಿತ್ತುಕೊಂಡು, “ತಡೀರಿ, ಎಣ್ಣಿ ಹತ್ತೇತಿ” ಎಂದು ವೇಲಿನಿಂದ ಒರೆಸುವ ನೆವದಲ್ಲಿ ಒಂದು ಕಣ್ಣು ಮುಚ್ಚಿಸಿ ಇನ್ನೊಂದು ತೆರೆದಳು. ಆಯಿಗೆ ಕೊಡುವಾಗ ಮತ್ತೆ ಎಣ್ಣೆ. ಚನ್ನವೀರಪ್ಪನಿಗೆ ಕೊಡುವಾಗಲೂ ಎಣ್ಣೆ. ನಾಲ್ವರೂ ಅವರವರ ಬಣ್ಣ ನೋಡಿ ತಲೆದೂಗಿದರು. ಗಿರ್ಮಿಟ್ಟು ಮುಗಿಯುತ್ತ ಬಂದಿತ್ತು. ಪಾರಾದೆ ಅಂದುಕೊಂಡಳು.

“ಕಾಕಾ, ಗುಲಾಬಿ ಬಸ್ಸು ಎಷ್ಟ ಚಂದ ಕಾಣತೈತಿ, ಹೌದಲ್ರಿ?” ಎಂದಳು ಶಬನಮ.

ಪರಮೇಶ್ವರಪ್ಪನ ಬಾಯಲ್ಲಿದ್ದ ಬಜಿ ಅಲ್ಲೇ ನಿಂತಿತು. “ಗುಲಾಬಿ? ಯಾರಪ್ಪನ ಬಸ್ಸು ಗುಲಾಬಿ?”

“ಬಸ್ಸಿಗೆ ಬಣ್ಣ ಎಲ್ಲೈತಿ? ಮಾಸಿ ಹೋಗೇತಿ” ಎಂದಳು ಆಯಿ.

“ನೀವೆಲ್ಲಾ ಬಸ್ಸು ನೋಡ್ತೀರಿ. ಮ್ಯಾಲಿನ ಚೀಲ ನೋಡ್ರಿ, ನನ್ನ ನಂಬರ್ ಐತಿ” ಎಂದ ಚನ್ನವೀರಪ್ಪ.

ನಾಲ್ವರೂ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಂಟು ಕಣ್ಣೂ ಶೈಲಶ್ರೀಯ ಮೇಲೆ. ಅವಳು ಕೌದಿಯೊಳಗೆ ಹೊಕ್ಕು ಹೊಲಿಸಿಕೊಂಡುಬಿಡಬೇಕು ಎಂಬಂತೆ ಮುದುಡಿದಳು. ಆದರೆ ಅವರಿಗೆ ಅವಳ ಮೇಲೆ ಸಿಟ್ಟು ಮಾಡಲು ಪುರಸೊತ್ತಿರಲಿಲ್ಲ, ಯಾರ ಬಣ್ಣ ಹೋಗಬೇಕೆಂದು ತಮ್ಮತಮ್ಮಲ್ಲೇ ಜಗಳ ಹತ್ತಿತು. ಇದೇ ಸಮಯವೆಂದು ಶೈಲಶ್ರೀ ಮೂಲೆಗೆ ಸರಿದು, ಮೇಡಂ ಹೆಸರು ತೆಗೆದು, ಗಡಿಬಿಡಿಯಲ್ಲಿ ಫೈಲ್ ಹಚ್ಚಿಟ್ಟಳು. ನಾಲ್ಕು ಹಾಳೆ ಅಳಿಸಿಲ್ಲವೆಂಬುದು ಆಗ ನೆನಪಾಗಿ, ಇನ್ನೇನು ಹಿಂದಕ್ಕೆ ಹೋಗಬೇಕು.

“ಆರಕ್ಕ ಮೂರು ನಿಮಿಷ ಕಮ್ಮಿ!” ಪರಮೇಶ್ವರಪ್ಪ ಗಡಿಯಾರ ನೋಡಿ ಜಿಗಿದೆದ್ದ. “ಟೈಮಿಗೆ ಬಿಡಬೇಕು ತಂಗಿ, ಜಗಳ ಆಮ್ಯಾಲೆ. ರೈಟ್, ರೈಟ್!”

ಮೂವತ್ತೆರಡು ವರ್ಷ ಟಿಕೆಟ್ ಹರಿದ ಹೆಬ್ಬೆರಳು ಅವಳ ಭುಜದ ಮೇಲಿಂದ ಬಂದು ಕಳಿಸುವ ಗುಂಡಿಯನ್ನು ಒತ್ತಿತು. ಫೈಲ್ ಹೋಯಿತು. ಅಳಿಸಲು ತಡಕಾಡುವಷ್ಟರಲ್ಲಿ ಮೇಡಂ ನೋಡಿದರೆಂಬ ಎರಡು ನೀಲಿ ಗುರುತು ಬಿದ್ದವು.

ಹತ್ತು ನಿಮಿಷಕ್ಕೆ ಫೋನ್ ಬಂತು. ಶೈಲಶ್ರೀ ಫೋನನ್ನು ತಟ್ಟೆಯ ಹಿಂದೆ ಸರಿಸುವಷ್ಟರಲ್ಲಿ, ಹಿಟ್ಟಿನ ಕೈಯ ಅವ್ವ ಮೊಣಕೈಯಿಂದ ಒತ್ತಿ, “ಎಲ್ಲಾರೂ ಇಲ್ಲೇ ಅದಾರ, ಜೋರಾಗಿ ಹೇಳ್ರಿ ಮೇಡಂ” ಎಂದು ಸ್ಪೀಕರಿಗೆ ಹಾಕಿದಳು.

“ಶೈಲಾ, ಮೊದಲ ನಿನ್ನ ಲೇಯರ್ ನೋಡ್ದೆ. ಸೂರ್ಯ ಮೂರಿದ್ದದ್ದು ಎರಡಾಗೇತಿ, ಇನ್ನೂ ಒಂದು ಮುಳಗಬೇಕು” ಎಂದರು ಮೇಡಂ. “ಆಮ್ಯಾಲೆ ಇನ್ನೂ ನಾಕು ಕಂಡ್ವು. ಒಂದೊಂದ ಹೇಳ್ತೇನಿ ಕೇಳು. ‘ಕಾಕಾನ ಕಾಟ’ ಅಂತ ಬರದೀಯಲ್ಲ, ಅದು ಬರೇ ಕಾಟನ, ತಗದ ಒಗೀ.”

ಪರಮೇಶ್ವರಪ್ಪ ಬಜಿಯನ್ನು ತಟ್ಟೆಗೆ ಇಳಿಸಿದ.

“‘ಮ್ಯಾಚಿಂಗ್ ಮಾರಿ’ ಅಂತೂ ನೋಡಿ ಕಣ್ಣು ತೊಳಕೊಂಡ ಬಂದೆ.”

ಶಬನಮ ಕೊರಳಿನ ಟೇಪು ತೆಗೆದು ಬಿಗಿಯಾಗಿ ಸುತ್ತತೊಡಗಿದಳು.

“‘ಜೋಳದ ಪೀಡೆ’ ಒಳಗ ಯಾರದೋ ಫೋನ್ ನಂಬರ್ ಐತಿ, ಹಚ್ಚಿದ್ರ ಯಾರೂ ಎತ್ತವಲ್ಲರು.”

ಚನ್ನವೀರಪ್ಪ ಜೇಬು ಮುಟ್ಟಿ ನೋಡಿಕೊಂಡ. ಫೋನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ.

“ಇನ್ನ ‘ಮುದುಕಿ ಹಟ’…”

ಶೈಲಶ್ರೀ ಕಣ್ಣು ಮುಚ್ಚಿದಳು.

“…ಅದು ಬಣ್ಣ ಅಂದ್ರ! ಪುಟ ತೆಗದ ಕೂಡ್ಲೇ ಕಣ್ಣು ಎಮ್ಮಿ ಕೊಳ್ಳಿಗೇ ಹೋಗತೈತಿ. ಬೆಳಕು ಒಂದ ಕಡಿಂದ. ಹದಿನೈದು ದಿನದಿಂದ ನಿಮಗ ನಾ ಇದನ್ನ ಬಡಕೊಳ್ಳಾಕತ್ತೇನಿ. ಕೈ ನಿನ್ನದು, ಖರೇ. ಕಣ್ಣು ಯಾರದು?”

ಶಿವಬಸವ್ವ ಆಯಿ ಮುಂದೆ ಬಗ್ಗಿ ಫೋನಿಗೆ ಹೇಳಿದಳು, “ಮುದುಕಿ ನಾನ. ಹಟಾನೂ ನಂದ.”

“ನಮಸ್ಕಾರ್ರಿ ಅಮ್ಮಾರ! ಹನ್ನೆರಡೂ ಕಂತು ನಿಮಗ ಕೊಡ್ತೇನ್ರಿ. ಯಾವ ಬಣ್ಣ ಎಲ್ಲಿ ಅಂತ ನೀವು ಹೇಳ್ರಿ, ಶೈಲಾ ಹಚ್ಚಲಿ. ಆಕೀಗೂ ಕೆಲಸಾತು, ಕಲತಂಗೂ ಆತು.”

ಶೈಲಶ್ರೀ ಕಣ್ಣು ತೆರೆದಳು. ಹೆಸರು ಯಾರದಾದರೇನು, ಕೆಲಸ ಬಂತಲ್ಲ! ಅಂಗಡಿ ತಪ್ಪಿತು, ಕುರ್ಚಿ ತಪ್ಪಿತು, ನೂರಾರು ಮುಖ ತಪ್ಪಿದವು. ಜನ್ಮದಲ್ಲಿ ಮೊದಲ ಸಲ ಯಾರೂ ಕೇಳದೆ ತಾನಾಗಿ ಬಾಯಿ ಬಿಟ್ಟಳು: “ಆಯಿ, ದಿನಾ ನಮ್ಮ ಮನೀಗೆ ಬಾ. ಒಳಗಿನ ಮೂಲ್ಯಾಗ ಕುಂತು ಮಾಡೂಣು.”

“ಮೂಲ್ಯಾಗ ಬಣ್ಣ ತಿಳೀತೈತೇನ, ಹುಚ್ಚಿ? ಬಿಸಲು ಬೇಕು. ನಾ ದಿನಾ ಒಂಬತ್ತಕ್ಕ ಮಗನ ಅಂಗಡಿ ಕಟ್ಟಿ ಮ್ಯಾಲೆ ಕೌದಿ ಹಿಡಕೊಂಡು ಕುಂದ್ರತೇನಿ, ಸಂಜೀ ಐದಕ್ಕ ಏಳತೇನಿ. ಅಲ್ಲೇ ಬಾ. ಹೋಗೂ ಬರೂ ಮಂದೀಗೂ ತೋರಸೂಣು, ಏನಂತಾರ ಕೇಳೂಣು.”

“ಅಗದೀ ಚಲೋ ಮಾತು!” ಚನ್ನವೀರಪ್ಪ ಪೀಡೆಯನ್ನು ಮರೆತು ಎದ್ದು ನಿಂತ. “ಹೆಂಗಿದ್ರೂ ಮುಂಬಾಗಿಲದಾಗ ಕುಂದ್ರತೀ, ನಡು ನಡು ತೂಕದ ಚೀಟಿ ನಾಕು ಬರದ್ರ ಆತು.”

ಪರಮೇಶ್ವರಪ್ಪ ತಾನೂ ದಿನಾ ಬಂದು ಬಸ್ಸಿನ ಮೇಲೆ ಒಂದು ಕಣ್ಣಿಡುವುದಾಗಿ ಹೇಳಿದ. ಎರಡನೆಯ ಕಂತಿನಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಎಂದು ಶಬನಮ ಕೇಳಿದಳು. ಅಷ್ಟರಲ್ಲಿ ಹಾವೇರಿಯಿಂದ ಅಪ್ಪ ಬಂದು, ಚಪ್ಪಲಿ ಬಿಡುತ್ತ, ಅಂಗಳದ ತುಂಬ ನೆರೆದವರನ್ನು ನೋಡಿ ಗಾಬರಿಯಾದ.

“ಏನಾತು?”

“ಶೈಲಾಗ ಕೆಲಸ ಸಿಕ್ತು!” ಎಂದಳು ಅವ್ವ, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ.

“ಹೌದ? ಎಲ್ಲಿ?”

“ಚನ್ನವೀರಪ್ಪಣ್ಣನ ಅಂಗಡ್ಯಾಗ.”

ಅಪ್ಪ ಒಂದು ಬಜಿ ಕೈಗೆತ್ತಿಕೊಂಡು ಮಗಳ ಮುಖ ನೋಡಿದ.

“ಹದಿನೈದು ದಿನದಿಂದ ನಾ ಅದನ್ನ ಹೇಳಾಕತ್ತೇನಲ್ಲ?”