ಊಟ ಆಯಿತೇ ಎಂದು ಕಡಲಾಚೆಯಿಂದ ಕೇಳಿಸುವ ಬಗ್ಗೆ

ಹೊರಗುತ್ತಿಗೆ ಕೋಶ
ಮೂರನೆಯ ಮಹಡಿ (ಲಿಫ್ಟ್ ಎರಡನೆಯ ಮಹಡಿಯವರೆಗೆ ಮಾತ್ರ)

ಸುತ್ತೋಲೆ ಸಂಖ್ಯೆ: ಹೊಗುಕೋ/ಕ್ಷೇಮ/ಊಟ/೭
(ಹಿಂದಿನ ಆರು ಸುತ್ತೋಲೆಗಳು ರದ್ದಾಗಿಲ್ಲ, ಸಿಗುತ್ತಿಲ್ಲ.)

ವಿಷಯ: ನೌಕರರು ಪರಸ್ಪರ ಕ್ಷೇಮ ವಿಚಾರಿಸುವ ಕೆಲಸವನ್ನು ಕಡಲಾಚೆಯ ಸಂಸ್ಥೆಗೆ ವಹಿಸಿರುವುದು, ಈ ಬಗ್ಗೆ ಪಾಲಿಸಬೇಕಾದ ಉತ್ತಮ ರೂಢಿಗಳು, ಹಾಗೂ ರವಾನೆ ಶಾಖೆಯ ಹಿರಿಯ ಗುಮಾಸ್ತರ ಪತ್ನಿಯವರು ಚೆನ್ನಾಗಿದ್ದಾರೆಯೇ ಎಂಬ ಪ್ರಶ್ನೆ.

ಉಲ್ಲೇಖ: ೧. ಟೈಪು ಮಾಡುವುದು, ಫೋನ್ ಎತ್ತುವುದು, ದೂರು ಕೇಳುವುದು ಮತ್ತು ದೂರು ಕೇಳಿಸಲಿಲ್ಲವೆನ್ನುವುದು, ಇವನ್ನು ಕಡಲಾಚೆಗೆ ವಹಿಸಿದ ಆದೇಶಗಳು.
೨. ಹಿರಿಯ ಗುಮಾಸ್ತರ ದುಃಖ ರಜೆಯ ಅರ್ಜಿ.
೩. ಅವರಿಂದ ಕೇಳಿ ಪಡೆದ ವಿವರಣೆ.

ಪ್ರಸ್ತಾವನೆ:

ಈಚೆಗೆ ಲೋಕದ ದೊಡ್ಡ ದೊಡ್ಡ ಕಚೇರಿಗಳೆಲ್ಲ ತಮ್ಮ ಮುಖ್ಯ ಕೆಲಸವನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಕಡಲಾಚೆಗೆ ಕಳಿಸುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಅದರಂತೆ ಈ ಇಲಾಖೆಯ ಮುಖ್ಯ ಕೆಲಸ ಯಾವುದೆಂದು ಹುಡುಕಿಸಲಾಯಿತು. ಅದು ಸಿಗುವವರೆಗೆ ಸುಮ್ಮನೆ ಕೂರಬಾರದೆಂದು, ಮಿಕ್ಕದ್ದನ್ನು ಮೊದಲು ಕಳಿಸಲು ತೀರ್ಮಾನಿಸಲಾಯಿತು.

ಅಧ್ಯಯನ ತಂಡವೊಂದು ಕಂಬಗಳ ಹಿಂದೆ ನಿಂತು ಗಮನಿಸಿದ ಪ್ರಕಾರ, ನೌಕರರ ಹೊತ್ತು ಹೆಚ್ಚಾಗಿ ಹೋಗುತ್ತಿರುವುದು ಕಡತಗಳಿಗಲ್ಲ, "ಊಟ ಆಯ್ತಾ?", "ಮುಖ ಯಾಕೆ ಸಪ್ಪಗಿದೆ?", "ಮನೇಲಿ ಹೇಗಿದಾರೆ?" ಎಂದು ಒಬ್ಬರನ್ನೊಬ್ಬರು ಕೇಳುವುದಕ್ಕೆ. ಕೇಳಿದ್ದು ಸಾಲದೆಂದು ಉತ್ತರಕ್ಕೆ ಕಾಯುವ ಕೆಟ್ಟ ಚಾಳಿಯೂ ಕಂಡುಬಂತು. ಆದ್ದರಿಂದ ಈ ಸೇವೆಯನ್ನು ಕಡಲಾಚೆಯ ಸಂಸ್ಥೆಯೊಂದಕ್ಕೆ ವಹಿಸಲಾಗಿದೆ. ಅಲ್ಲಿನ ಕರೆಯಾಕೆಯೊಬ್ಬಳು ಪ್ರತಿ ನೌಕರರಿಗೆ ದಿನಕ್ಕೊಮ್ಮೆ ಫೋನ್ ಮಾಡಿ ಕ್ಷೇಮ ವಿಚಾರಿಸುವಳು. ಇನ್ನು ಮುಂದೆ ನೌಕರರು ತಾವು ತಾವೇ ಕೇಳಿಕೊಳ್ಳಕೂಡದೆಂದು ಈ ಮೂಲಕ ಸೂಚಿಸಲಾಗಿದೆ.

ಸೂಚನೆಗಳು:

೧. ಅಲ್ಲಿ ಬೆಳಗಾಗುವಾಗ ಇಲ್ಲಿ ಮಧ್ಯಾಹ್ನ ಇಳಿದಿರುತ್ತದೆ. ಕರೆಯಾಕೆ "ಎದ್ರಾ?" ಎಂದು ಕೇಳಿದಲ್ಲಿ, ಊಟ ಮುಗಿಸಿ ಕೂತ ನೌಕರರು "ಈಗ ತಾನೇ ಎದ್ದೆ" ಎನ್ನತಕ್ಕದ್ದು. ಬಹುಪಾಲು ನೌಕರರ ವಿಷಯದಲ್ಲಿ ಇದು ಸುಳ್ಳಲ್ಲವೆಂದೂ ಅಧ್ಯಯನ ತಂಡ ವರದಿ ಮಾಡಿದೆ.

೨. ಊಟದ ಪ್ರಶ್ನೆಗೆ "ಆಯಿತು" ಅಥವಾ "ಆಗಬೇಕು" ಎಂದೂ, ಮನೆಯವರ ಪ್ರಶ್ನೆಗೆ "ಚೆನ್ನಾಗಿದ್ದಾರೆ" ಅಥವಾ "ಸ್ವಲ್ಪ ಹುಷಾರಿಲ್ಲ" ಎಂದೂ ಉತ್ತರಿಸತಕ್ಕದ್ದು. ಮೂರನೆಯ ಉತ್ತರಕ್ಕೆ ಅವಕಾಶವಿಲ್ಲ. ಮೂರನೆಯ ಉತ್ತರ ಬಂದಲ್ಲಿ ಕರೆಯಾಕೆಯ ಕಂಪ್ಯೂಟರ್ ಪರದೆ ಕೆಂಪಾಗಿ, ಆಕೆ ತನ್ನ ಮೇಲ್ವಿಚಾರಕರ ಮುಂದೆ ನಿಂತು ಸಮಜಾಯಿಷಿ ಕೊಡಬೇಕಾಗುತ್ತದೆ. ಲೆಕ್ಕಪತ್ರ ಶಾಖೆಯವರು "ಆಯ್ತು, ಉಪ್ಪು ಕಮ್ಮಿ ಇತ್ತು" ಎಂದದ್ದರಿಂದ ಕಡಲಾಚೆಯಲ್ಲಿ ಇಡೀ ಒಂದು ಮಹಡಿಯ ಕೆಲಸ ನಿಂತಿತ್ತೆಂಬುದನ್ನು ನೆನಪಿಸಲಾಗಿದೆ.

೩. ಜ್ಞಾನ ಹಸ್ತಾಂತರ. ಕೆಲಸವನ್ನು ಹೊರಗೆ ಕಳಿಸುವ ಮುನ್ನ ಅದನ್ನು ಬಲ್ಲವರಿಂದ ಕಲಿಸಿ ಕಳಿಸುವುದು ಎಲ್ಲೆಡೆಯ ಉತ್ತಮ ರೂಢಿ. ಈ ಕಚೇರಿಯಲ್ಲಿ ಕ್ಷೇಮ ವಿಚಾರಿಸುವುದನ್ನು ಬಲ್ಲವರು ರವಾನೆ ಶಾಖೆಯ ಹಿರಿಯ ಗುಮಾಸ್ತರು. ಲಕೋಟೆ ಅಂಟಿಸುತ್ತಲೇ ಕೂದಲು ನರೆತ ಇವರನ್ನು ಎಲ್ಲರೂ ಗೋಂದು ತಾತ ಎನ್ನುವರು. ಹೆಸರು ಹಿಡಿದು ಕರೆಯುತ್ತಿದ್ದವರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದಾರೆ. ಒಂದೊಂದು ಲಕೋಟೆ ಅಂಟಿಸುವಾಗಲೂ "ದೇವರೇ, ಸುಖವಾಗಿ ಮುಟ್ಟಿಸಪ್ಪ" ಎನ್ನುವುದು ಇವರ ರೂಢಿ. ಜ್ಞಾಪನಾಪತ್ರವಾದರೂ ಸರಿ, ವಜಾ ಆದೇಶವಾದರೂ ಸರಿ, ಈ ಮಾತು ತಪ್ಪುವುದಿಲ್ಲ. ಇವರು ಕರೆಯಾಕೆಗೆ ಫೋನಿನಲ್ಲಿ ಕಲಿಸಿಕೊಟ್ಟ ಪಾಠ ಇಂತಿದೆ:

"ಊಟ ಆಯ್ತಾ ಅಂತ ಕೇಳಿ ದಡಕ್ಕನೆ ಮುಂದಕ್ಕೆ ಹೋಗ್ಬಿಡಬೇಡ ಮಗಳೇ. ಅವರು ಹೂಂ ಅಂತಾರೆ. ಆಮೇಲೆ ನೀನು ಸ್ವಲ್ಪ ಸುಮ್ನಿರು. ನಿಜವಾದ ಮಾತು ಅದರ ಹಿಂದೆ ಬರುತ್ತೆ, ಕುಂಟ್ಕೊಂಡು."

ಸುಮ್ಮನಿರುವುದಕ್ಕೆ ಒಪ್ಪಂದದಲ್ಲಿ ದರ ಗೊತ್ತುಪಡಿಸಿಲ್ಲವಾದ ಕಾರಣ ಪಾಠದ ಈ ಭಾಗವನ್ನು ಕೈಬಿಡಲಾಗಿದೆ. ಸುಮ್ಮನಿರುವುದು ಹೊರಗುತ್ತಿಗೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಮಾನಿಸಲಾಗಿದೆ.

೪. ಸೇವೆಯು ಪರಕೀಯವೆನಿಸದಿರಲು ಪ್ರತಿ ಕರೆಯಲ್ಲಿ ಒಂದು ಗಾದೆ ಇರತಕ್ಕದ್ದು. ಯಾರಿಗೆ ಯಾವ ಗಾದೆಯೆಂಬುದನ್ನು ಯಂತ್ರ ಆರಿಸುತ್ತದೆ. ಮದುವೆಯೇ ಆಗದ ಲೆಕ್ಕಪತ್ರದವರಿಗೆ "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಬಂದದ್ದೂ, ಮಾನ್ಯ ನಿರ್ದೇಶಕರಿಗೆ "ನಾಯಿ ಬಾಲ ಡೊಂಕು" ಬಂದದ್ದೂ ಯಂತ್ರದ ಆಯ್ಕೆಯೇ ಹೊರತು ಕಚೇರಿಯ ಯಾರೂ ಸೂಚಿಸಿದ್ದಲ್ಲ. ಈ ಬಗ್ಗೆ ತನಿಖೆ ಮುಗಿದಿದೆ. ನಗುವುದನ್ನು ನಿಲ್ಲಿಸತಕ್ಕದ್ದು.

೫. ದೇವರ ಸ್ಮರಣೆಯನ್ನೂ ಕಡಲಾಚೆಗೆ ವಹಿಸಿದಲ್ಲಿ ರವಾನೆ ಶಾಖೆಯಲ್ಲಿ ಲಕೋಟೆಗಳು ಬೇಗ ಅಂಟುವುವೆಂಬ ಸಲಹೆ ಬಂದಿತ್ತು. ಹಿರಿಯ ಗುಮಾಸ್ತರ ಅಭಿಪ್ರಾಯ ಕೇಳಲಾಗಿ, "ಎಲ್ಲಿಂದ ಕೂಗಿದ್ರೂ ಅವನಿಗೆ ಅಷ್ಟೇ ದೂರ ಸ್ವಾಮಿ" ಎಂದು ತಿಳಿಸಿದರು. ಉಳಿತಾಯ ಕಾಣದ್ದರಿಂದ ಸಲಹೆಯನ್ನು ಕೈಬಿಡಲಾಗಿದೆ.

೬. ಪ್ರಸ್ತುತ ಪ್ರಕರಣ. ಹಿರಿಯ ಗುಮಾಸ್ತರ ಪತ್ನಿಯವರು ವಾರದ ರಜೆಯ ದಿನ ತೀರಿಕೊಂಡರೆಂದೂ, ಅವರ ಹೆಸರಿನಲ್ಲಿ ಕೆಲವು ದಿನ ಮನೆಯಲ್ಲಿ ದೇವರ ಮುಂದೆ ಕೂರಬೇಕೆಂದೂ ಅವರು ದುಃಖ ರಜೆ ಕೋರಿರುತ್ತಾರೆ. ರಜೆ ಶಾಖೆಯು ಕಡಲಾಚೆಯ ಕ್ಷೇಮ ವರದಿಯನ್ನು ತೆಗೆದು ನೋಡಲಾಗಿ, ಮರುದಿನವೂ ಅದರ ಮರುದಿನವೂ ಅದಕ್ಕೂ ಮರುದಿನವೂ "ಪತ್ನಿ: ಚೆನ್ನಾಗಿದ್ದಾರೆ" ಎಂದು ದಾಖಲಾಗಿತ್ತು. ಅರ್ಜಿಗೆ ಮರಣ ಪ್ರಮಾಣಪತ್ರ ಲಗತ್ತಿಸಿದ್ದರೂ, ಅದು ಒಮ್ಮೆ ಮಾತ್ರ ಬರೆದದ್ದು. ಕ್ಷೇಮ ವರದಿಯಾದರೋ ದಿನವೂ ಹೊಸದಾಗುತ್ತದೆ. ಹೊಸದನ್ನು ನಂಬುವುದು ಉತ್ತಮ ರೂಢಿಯಾದ್ದರಿಂದ ರಜೆಯನ್ನು ನಿರಾಕರಿಸಲಾಯಿತು.

ಹಾಗಾದರೆ ಚೆನ್ನಾಗಿದ್ದಾರೆಂದು ಹೇಳಿದ್ದೇಕೆ ಎಂದು ವಿವರಣೆ ಕೇಳಲಾಯಿತು. ಅವರು ಬರೆದುಕೊಟ್ಟದ್ದು: "ಇದ್ದದ್ದು ಎರಡೇ ಉತ್ತರ. ಹುಷಾರಿಲ್ಲವೆಂದರೆ ಸುಳ್ಳಾಗುತ್ತಿತ್ತು, ಅವಳ ಕಾಯಿಲೆ ಮುಗಿದಿತ್ತು. ದೇವರ ಬಳಿ ಇರುವವಳನ್ನು ಚೆನ್ನಾಗಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮೂರನೆಯದನ್ನು ಹೇಳಿದರೆ ಆ ಮಗುವಿನ ಪರದೆ ಕೆಂಪಾಗುತ್ತಿತ್ತು."

ವಿವರಣೆಯನ್ನು ಕಾನೂನು ಶಾಖೆಗೆ ಕಳಿಸಲಾಗಿ, ದೇವರ ಬಳಿ ಇರುವವರು ಚೆನ್ನಾಗಿರುತ್ತಾರೆಯೇ ಎಂಬುದು ಬೇರೆ ಇಲಾಖೆಗೆ ಸೇರಿದ ವಿಷಯವೆಂದು ಷರಾ ಬರೆದು ಹಿಂದಿರುಗಿಸಿದ್ದಾರೆ.

ಇದೇ ಅವಧಿಯಲ್ಲಿ, ಕರೆ ಬರುವ ಹೊತ್ತಿಗೆ ಹಿರಿಯ ಗುಮಾಸ್ತರು ಗೋಂದಿನ ಬ್ರಷ್ಷನ್ನು ಕೆಳಗಿಟ್ಟು, ಅಂಗಿಯ ಕಾಲರು ಸರಿಪಡಿಸಿಕೊಂಡು ಕಾಯುತ್ತಿದ್ದುದು ಕಂಡುಬಂದಿದೆ. ಫೋನಿನಲ್ಲಿ ಕಾಲರು ಕಾಣುವುದಿಲ್ಲವೆಂದು ತಿಳಿಹೇಳಲಾಗಿ, "ಗೊತ್ತಪ್ಪ" ಎಂದಿರುತ್ತಾರೆ. ಟೈಪು ಕೆಲಸ ಕಡಲಾಚೆಗೆ ಹೋದ ಮೇಲೂ ಎದುರು ಮೇಜಿನಲ್ಲಿ ಉಳಿದಿರುವ ಟೈಪಿಸ್ಟರು ಅವರ ಮುಖ ಸಪ್ಪಗಿರುವುದನ್ನು ದಿನವೂ ಕಂಡಿದ್ದರೂ, ಕೇಳಲು ಅಧಿಕಾರವಿಲ್ಲವೆಂದು ಒಂದು ಮಾತೂ ಕೇಳಿರುವುದಿಲ್ಲ. ಈ ಶಿಸ್ತಿಗಾಗಿ ಅವರಿಗೆ ಪ್ರಶಂಸಾಪತ್ರ ನೀಡಲಾಯಿತು. ಅವರು ಅದನ್ನು ನಾಲ್ಕಾಗಿ ಹರಿದು ಹಿಂದಿರುಗಿಸಿದ್ದಾರೆ.

೭. ಕರೆಯಾಕೆಯ ಲೋಪ. ಸೇವೆಯ ಗುಣಮಟ್ಟಕ್ಕಾಗಿ ಎಲ್ಲ ಕರೆಗಳನ್ನೂ ಧ್ವನಿಮುದ್ರಿಸಿಕೊಳ್ಳಲಾಗುತ್ತದೆ. ಹೀಗೆ ಮಾತನಾಡಕೂಡದೆಂಬುದಕ್ಕೆ ಉದಾಹರಣೆಯಾಗಿ ಒಂದು ಧ್ವನಿಮುದ್ರಿಕೆಯನ್ನು ಕೆಳಗೆ ಕೊಡಲಾಗಿದೆ.

"ಊಟ ಆಯ್ತಾ ತಾತ?"

"ಆಯ್ತು ಮಗಳೇ."

"ಅಜ್ಜಿ ಹೇಗಿದಾರೆ?"

"ಚೆನ್ನಾಗಿದಾಳೆ."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

(ಇಲ್ಲಿ ಹಿರಿಯ ಗುಮಾಸ್ತರು ಮಾತಾಡಿಲ್ಲ. ಕರೆಯಾಕೆಯೂ ಒಪ್ಪಂದಕ್ಕೆ ವಿರುದ್ಧವಾಗಿ ಸುಮ್ಮನಿದ್ದಾಳೆ.)

"ತಾತ, ಲೈನಲ್ಲಿ ಇದೀರಾ? ಗಾದೆ ತಪ್ಪಾಗಿ ಬಿತ್ತಾ? ಮೊನ್ನೆ ನಿಮ್ಮ ದೊಡ್ಡ ಸಾಹೇಬ್ರಿಗೆ ನಾಯಿ ಬಾಲ ಬಿದ್ದು ನಂಗೆ ಮಂಗಳಾರತಿ ಆಯ್ತು."

"ಅದು ಸರಿಯಾಗೇ ಬಿದ್ದಿತ್ತು ಬಿಡು. ಇದೂ ಸರಿಯಾಗೇ ಬಿತ್ತು."

(ಮತ್ತೆ ಸುಮ್ಮನಿದ್ದಾಳೆ.)

"ತಾತ. ಅಜ್ಜಿ ಹೇಗಿದಾರೆ? ಪರದೆ ಮನೆ ಹಾಳಾಗ್ಲಿ. ಇದು ನಾನು ಕೇಳ್ತಿರೋದು."

"ಹೋಗ್ಬಿಟ್ಳು ಮಗಳೇ."

"ಅಯ್ಯೋ. ಮತ್ತೆ ದಿನಾ ಚೆನ್ನಾಗಿದಾಳೆ ಅಂತಿದ್ರಲ್ಲ?"

"ನೀನು ದಿನಾ ಕೇಳ್ತಿದ್ಯಲ್ಲ. ಇಲ್ಲಿ ಯಾರಿಗೂ ಕೇಳೋ ಹಂಗಿಲ್ಲ. ನೀನು ಹೇಗಿದಾರೆ ಅಂದಾಗ, ಎಲ್ಲೋ ಒಂದು ಕಡೆ ಅವಳು ಇನ್ನೂ ಇದಾಳೆ ಅನ್ನಿಸ್ತಿತ್ತು."

"ಇವತ್ತು ಊಟ ಮಾಡಿದೀರಾ? ನಿಜ ಹೇಳಿ."

"ಇಲ್ಲ."

"ಡಬ್ಬಿ ತೆಗೀರಿ. ನಾನು ಲೈನಲ್ಲೇ ಇರ್ತೀನಿ."

ಹಿರಿಯ ಗುಮಾಸ್ತರು ಡಬ್ಬಿ ತೆರೆದು ಉಂಡ ಸದ್ದು ಮುದ್ರಿಕೆಯಲ್ಲಿ ಕೊನೆಯವರೆಗೂ ಸ್ಪಷ್ಟವಾಗಿದೆ. ಅಷ್ಟು ಹೊತ್ತೂ ಕಡಲಾಚೆಯ ಪರದೆ ಕೆಂಪಾಗಿಯೇ ಇತ್ತೆಂದೂ, ಆ ಮಹಡಿಯ ಇತರ ಕರೆಯಾಕೆಯರು ಬಂದು ಸುತ್ತ ನಿಂತರೆಂದೂ ವರದಿಯಾಗಿದೆ. ಇದಕ್ಕೆ ಸಂಸ್ಥೆಯು "ಜೊತೆಗಿದ್ದ ಬಾಬ್ತು" ಎಂದು ಬಿಲ್ಲು ಕಳಿಸಿದೆ. ಅಂಥ ಬಾಬ್ತು ಇಲಾಖೆಯಲ್ಲಿ ಇರಲಿಲ್ಲ. ಈಗ ತೆರೆಯಲಾಗಿದೆ.

೮. ಸದರಿ ಮುದ್ರಿಕೆಯನ್ನು ಎಚ್ಚರಿಕೆಗಾಗಿ ಎಲ್ಲ ನೌಕರರಿಗೆ ಕೇಳಿಸಿದ ನಂತರ, ಗೋಂದು ಬೇಕೆಂಬ ನೆಪದಲ್ಲಿ ರವಾನೆ ಮೇಜಿನ ಸುತ್ತ ಗುಂಪು ಸೇರುವುದು ಹೆಚ್ಚಿದೆ. ಲೆಕ್ಕಪತ್ರದವರು ಒಂದೇ ಲಕೋಟೆಯನ್ನು ಹರಿದು ಹರಿದು ಅಂಟಿಸಲು ತರುತ್ತಿದ್ದಾರೆ. ಟೈಪಿಸ್ಟರು ತಮ್ಮ ಕುರ್ಚಿಯನ್ನೇ ಅಲ್ಲಿಗೆ ಎಳೆದುಕೊಂಡಿದ್ದಾರೆ. ಇದನ್ನು ನಿಷೇಧಿಸಲಾಗಿದೆ. ನಿಲ್ಲಲೇಬೇಕಾದವರು ಏನನ್ನೂ ಕೇಳದೆ ಸುಮ್ಮನೆ ನಿಲ್ಲಬಹುದು. ಸುಮ್ಮನಿರುವುದು ಹೊರಗುತ್ತಿಗೆಯ ವ್ಯಾಪ್ತಿಗೆ ಬರುವುದಿಲ್ಲವೆಂಬುದನ್ನು ೩ನೆಯ ಸೂಚನೆಯಲ್ಲಿ ನೋಡಿಕೊಳ್ಳತಕ್ಕದ್ದು.

೯. ರಜೆಯ ಬಗ್ಗೆ. ಕ್ಷೇಮ ವರದಿಯನ್ನು ತಿದ್ದುವ ಅಧಿಕಾರ ಈ ಕಚೇರಿಗಿಲ್ಲ. ಒಪ್ಪಂದದ ಪ್ರಕಾರ, ಯಾರ ಕ್ಷೇಮವೋ ಅವರೇ ಒಪ್ಪಿದಲ್ಲಿ ಮಾತ್ರ ತಿದ್ದಬಹುದು. ಆದ್ದರಿಂದ ಈ ಸುತ್ತೋಲೆಯ ಒಂದು ಪ್ರತಿಯನ್ನು ಹಿರಿಯ ಗುಮಾಸ್ತರ ಪತ್ನಿಯವರಿಗೇ ಕಳಿಸಿ, ತಾವು ಚೆನ್ನಾಗಿರುವಿರೇ, ಯಜಮಾನರು ರಜೆಯ ಮೇಲೆ ಮನೆಯಲ್ಲಿರುವುದಕ್ಕೆ ತಮ್ಮ ಆಕ್ಷೇಪವಿದೆಯೇ ಎಂದು ಕೇಳಲು ಆದೇಶಿಸಲಾಗಿದೆ. ಉತ್ತರ ಬಾರದಿದ್ದಲ್ಲಿ ಆಕ್ಷೇಪವಿಲ್ಲವೆಂದೂ ರಜೆ ಮಂಜೂರಾಗಿದೆಯೆಂದೂ ಭಾವಿಸತಕ್ಕದ್ದು. ಉತ್ತರವನ್ನು ಸ್ವೀಕರಿಸಲು ಮನೆಯಲ್ಲಿ ಯಾರಾದರೂ ಇರಬೇಕಾದ್ದರಿಂದ, ಹಿರಿಯ ಗುಮಾಸ್ತರು ನಾಳೆಯಿಂದಲೇ ಅಲ್ಲಿದ್ದು ಕಾಯತಕ್ಕದ್ದು. ಕಾಯುವುದನ್ನು ಕರ್ತವ್ಯವೆಂದು ಪರಿಗಣಿಸಲಾಗುವುದು.

೧೦. ಕರೆಯಾಕೆಗೆ ಕಟ್ಟುನಿಟ್ಟಾಗಿ ಎಚ್ಚರಿಕೆ ನೀಡಲಾಗಿದೆ. ಹಿರಿಯ ಗುಮಾಸ್ತರು ಮನೆಯಲ್ಲಿ ಒಬ್ಬರೇ ಇರುವರೆಂದೂ, ಡಬ್ಬಿ ತೆರೆಯಲು ಮರೆಯುವರೆಂದೂ ಆಕೆಯನ್ನು ಎಚ್ಚರಿಸಿ, ಮನೆಯ ಫೋನ್ ಸಂಖ್ಯೆಯನ್ನು ಕೊಡಲಾಗಿದೆ.

(ಸಹಿ)
ಅಧೀಕ್ಷಕರು, ಹೊರಗುತ್ತಿಗೆ ಕೋಶ
(ಸಹಿ ಮಾಡುವುದನ್ನು ಮುಂದಿನ ಆದೇಶದವರೆಗೆ ಇಲ್ಲಿಯೇ ಮಾಡಲಾಗುತ್ತಿದೆ.)

ಪ್ರತಿಗಳು:

೧. ಮಾನ್ಯ ನಿರ್ದೇಶಕರಿಗೆ: ೪ನೆಯ ಸೂಚನೆಯನ್ನು ಬಿಟ್ಟು ಓದಲು.
೨. ಕಡಲಾಚೆಯ ಸಂಸ್ಥೆಯ ಮೇಲ್ವಿಚಾರಕರಿಗೆ: ಪರದೆಯ ಬಣ್ಣ ಈಗ ಹೇಗಿದೆಯೆಂದು ತಿಳಿಸಲು.
೩. ಲೆಕ್ಕಪತ್ರದವರಿಗೆ: ಹೊಸ ಲಕೋಟೆ ಸಹಿತ.
೪. ಟೈಪಿಸ್ಟರಿಗೆ: ಪ್ರಶಂಸಾಪತ್ರವನ್ನು ವಾಪಸು ಪಡೆಯಲಾಗಿದೆ, ಕುರ್ಚಿ ಅಲ್ಲಿಯೇ ಇರಲಿ.
೫. ಸೂಚನಾ ಫಲಕಕ್ಕೆ: ಓದುತ್ತ ನಿಂತವರು ಪಕ್ಕದವರ ಮುಖ ನೋಡಕೂಡದು.
೬. ಹಿರಿಯ ಗುಮಾಸ್ತರ ಪತ್ನಿಯವರಿಗೆ, ಮನೆಯ ವಿಳಾಸಕ್ಕೆ: ಉತ್ತರ ಕೋರಿ. (ಈ ಲಕೋಟೆಯ ಮೇಲೆ ಹಿರಿಯ ಗುಮಾಸ್ತರೇ ಕೈಯಾರೆ ಹೆಸರು ಬರೆದು, ಪ್ರತಿ ಲಕೋಟೆಗೂ ಹೇಳುವ ಮಾತನ್ನು ಇದಕ್ಕೂ ಹೇಳಿ ಅಂಟಿಸತಕ್ಕದ್ದು. ಅವಸರವಿಲ್ಲ.)